ಪರದೆ ಒಮ್ಮೆಲೇ ದೊಡ್ಡದಾಯಿತು, ಕಾರಣ ಕೇಬಲ್ಲಿನ 12ನೇ ಪಿನ್ನು

ಒಂದು ಮಿಲ್ಲಿನ ಲಾರಿ ತೂಗುವ ಕಾಟಾದಲ್ಲಿ ಪರದೆ ದೊಡ್ಡದಾಗಿದ್ದಕ್ಕೆ ಮಾನಿಟರಿನ ಕೇಬಲ್ಲೇ ಕಾರಣ ಅಂತ ನಾನು ಹೇಳಿದ್ದೆ. ಕೇಬಲ್ ಹಾಳಾಗಿದ್ರೆ ಚಿತ್ರನೇ ಬರಬಾರದು, ಇಲ್ಲ ಬಣ್ಣ ಹೋಗಬೇಕು, ಪರದೆ ದೊಡ್ಡದಾಗೋದಕ್ಕೂ ಕೇಬಲ್ಲಿಗೂ ಏನು ಸಂಬಂಧ? ಹೀಗೆ ನನ್ನನ್ನು ಮೂರು ಜನ ಕೇಳಿದರು. ಮೂವರೂ ನಮ್ಮ ಕಸುಬಿನವರೇ. ಅವರಿಗೆ ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೆ ಬರೆದು ಇಡುತ್ತಿದ್ದೇನೆ.

ಗಂಗಾವತಿಯಲ್ಲಿ 11 ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಅಂಗಡಿ ಮುಂದೆ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ, ಹಿಂದೆ ನನ್ನ ರಿಪೇರಿ ಟೇಬಲ್ಲು. ಸುತ್ತಮುತ್ತ ರೈಸ್ ಮಿಲ್ಲುಗಳು ಜಾಸ್ತಿ, ಹಾಗಾಗಿ ಅರ್ಧ ಕೆಲಸ ಅಲ್ಲಿಂದಲೇ ಬರುತ್ತದೆ. ಮಿಲ್ಲಿನ ಕಂಪ್ಯೂಟರ್ ಬಿಚ್ಚಿದವರಿಗೆ ಗೊತ್ತು, ಒಳಗೆ ಫ್ಯಾನ್ ಕಾಣುವುದಿಲ್ಲ, ಬರೀ ತೌಡಿನ ಧೂಳು.

ಪರದೆ ದೊಡ್ಡದಾಗಿದೆ ಅನ್ನೋ ಫೋನು ತಿಂಗಳಿಗೆ ಮೂರೋ ನಾಲ್ಕೋ ಬರುತ್ತದೆ. ಮುಕ್ಕಾಲು ಪಾಲು ಫೋನಿನಲ್ಲೇ ಮುಗಿಯುತ್ತವೆ. ಮೌಸನ್ನು ಅಂಚಿಗೆ ಒಯ್ದರೆ ಇಡೀ ಪರದೆ ಜಾರುತ್ತದಾ ಅಂತ ಕೇಳುತ್ತೇನೆ. ಜಾರಿದರೆ ಅದು ವಿಂಡೋಸಿನ ಭೂತಗನ್ನಡಿ, ಮ್ಯಾಗ್ನಿಫೈಯರ್; ವಿಂಡೋಸ್ ಕೀ ಜೊತೆ ಎಸ್ಕೇಪ್ ಒತ್ತಿಸಿದರೆ ಆಯ್ತು. ಬ್ರೌಸರಿನಲ್ಲಿ ಮಾತ್ರ ದೊಡ್ಡದಾದರೆ ಕಂಟ್ರೋಲ್ ಜೊತೆ ಸೊನ್ನೆ. ಎಲ್ಲ ಕಡೆ ಅಕ್ಷರ ದೊಡ್ಡದು, ಆದರೆ ಚಿತ್ರ ಚೊಕ್ಕವಾಗಿದೆ ಅಂದರೆ ವಿಂಡೋಸಿನ ಡಿಸ್‌ಪ್ಲೇ ಸ್ಕೇಲ್ ಶೇಕಡಾ 150ಕ್ಕೋ 175ಕ್ಕೋ ಹೋಗಿರುತ್ತದೆ. ಇವೆಲ್ಲ ನಿಮಗೆ ಗೊತ್ತಿರೋದೇ. ಒಂದು ಮಾತ್ರ ಹೇಳುತ್ತೇನೆ. ಒಂದು ಮಿಲ್ಲಿನಲ್ಲಿ ಎಕ್ಸೆಲ್ ಶೀಟು ಸ್ಕ್ರೋಲ್ ಮಾಡಿದರೆ ಕೆಳಗೆ ಹೋಗುವ ಬದಲು ಅಕ್ಷರಗಳೇ ಬೆಳೆಯುತ್ತಿದ್ದವು. ಕಾರಣ, ಎಡಗಡೆ ಕಂಟ್ರೋಲ್ ಕೀ ಕೆಳಗೆ ತೌಡು ಗಟ್ಟಿಯಾಗಿ ಕೂತು ಕೀ ಒತ್ತಿದ ಹಾಗೇ ಉಳಿದಿತ್ತು. ಕೀ ಕಿತ್ತು ಬ್ರಷ್ ಹಾಕಿದೆ, 50 ರೂಪಾಯಿ ತಗೊಂಡೆ.

ಈಗ ಆ ಕಾಟಾದ ವಿಷಯ.

ಎರಡು ವರ್ಷದ ಹಿಂದೆ ಡಿಸೆಂಬರ್, ಭತ್ತದ ಸುಗ್ಗಿ ಜೋರಿತ್ತು. ಕಾರಟಗಿ ಕಡೆಯ ಒಂದು ಮಿಲ್ಲಿನ ಲಾರಿ ಕಾಟಾ ಕೋಣೆಯಿಂದ ಫೋನ್ ಬಂತು. ಸುಮಾರು 20 ಇಂಚಿನ ಮಾನಿಟರ್, ಅದರ ಸರಿಯಾದ ಅಳತೆ 1600-900, ಅಂದರೆ ಅಡ್ಡಕ್ಕೆ 1600, ಎತ್ತರಕ್ಕೆ 900 ಚುಕ್ಕಿ (ಪಿಕ್ಸೆಲ್). ಹಿಂದಿನ ವಾರ ಕರೆಂಟ್ ಹೋಗಿ ಬಂದ ಮೇಲೆ ಅದು 1024-768ಕ್ಕೆ ಇಳಿದಿತ್ತು. ಅಕ್ಷರ ಎಲ್ಲ ಅಗಲ ಅಗಲ, ಮಸುಕು. ನೋಡೋಕೆ ಚೆನ್ನಾಗಿಲ್ಲ ಅನ್ನೋದಷ್ಟೇ ಆಗಿದ್ರೆ ಯಾರೂ ಕರೆಯುತ್ತಿರಲಿಲ್ಲ. ಕಾಟಾ ಸಾಫ್ಟ್‌ವೇರಿನ ವಿಂಡೋ ಸಣ್ಣದಾಗಲ್ಲ, ಕೆಳಗಿನ ಸೇವ್ ಬಟನ್ನು ಪರದೆಯಿಂದ ಆಚೆ ಹೋಗಿಬಿಟ್ಟಿತ್ತು. ಸೇವ್ ಆಗದೆ ಚೀಟಿ ಪ್ರಿಂಟ್ ಆಗಲ್ಲ. ಹೊರಗೆ ಟ್ರ್ಯಾಕ್ಟರ್ ಸಾಲು ನಿಂತಿದ್ದವು, ಗುಮಾಸ್ತರು ತೂಕವನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಿದ್ದರು.

ನನಗಿಂತ ಮುಂಚೆ ಇಬ್ಬರು ಬಂದು ಹೋಗಿದ್ದರು. ಮೊದಲನೆಯವರು ಎರಡು ಸಲ ವಿಂಡೋಸ್ ಹೊಸದಾಗಿ ಹಾಕಿದ್ದರು, ಸಲಕ್ಕೆ 500. ಎರಡನೆಯವರು ಮದರ್‌ಬೋರ್ಡಿನ ಡಿಸ್‌ಪ್ಲೇ ಹೋಗಿದೆ ಅಂತ ಹಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿ 2,200 ತಗೊಂಡಿದ್ದರು. ಅದೂ 1024ಕ್ಕೇ ನಿಂತಿತ್ತು. ಸಾಹುಕಾರರು ನನ್ನನ್ನು ನೋಡಿದ ಕೂಡಲೇ ಅಂದರು: "ಇನ್ನೊಬ್ರು ಬಂದು ರೊಕ್ಕ ತಗೊಂಡು ಹೋಗೋದು ಬ್ಯಾಡ ನೋಡಪ್ಪ. ಸರಿ ಆದ್ರ ಕೊಡ್ತೀನಿ, ಇಲ್ಲಂದ್ರ ಚಾ ಕುಡಿದು ಹೋಗು." "ಆಯ್ತು ಬಿಡ್ರಿ ಸಾವ್ಕಾರ್ರ" ಅಂದು ಕೂತೆ.

ಮೊದಲು ಟ್ರ್ಯಾಕ್ಟರ್ ಸಾಲು ಕರಗಬೇಕಿತ್ತು. ಆಲ್ಟ್ ಜೊತೆ ಸ್ಪೇಸ್ ಒತ್ತಿ, ಆಮೇಲೆ ಎಂ ಒತ್ತಿ, ಮೇಲಿನ ಬಾಣದ ಕೀ ಹಿಡಿದರೆ ವಿಂಡೋ ಮೇಲಕ್ಕೆ ಸರಿಯುತ್ತದೆ. ಸೇವ್ ಬಟನ್ ಕಂಡಿತು. ಗುಮಾಸ್ತರಿಗೆ ಅದನ್ನು ಎರಡು ಸಲ ತೋರಿಸಿಕೊಟ್ಟೆ, ಆ ದಿನದ ಲೋಡೆಲ್ಲ ಹಾಗೇ ತೂಗಿದರು.

ಮೊದಲ ದಿನ ನಾನೂ ಎಲ್ಲರ ದಾರಿಯಲ್ಲೇ ಹೋದೆ. ಕಾರ್ಡ್ ಬಿಚ್ಚಿದೆ, ಇಂಟೆಲ್ ಡ್ರೈವರ್ ತೆಗೆದು ಮತ್ತೆ ಹಾಕಿದೆ. ಇಂಟೆಲ್ ಪ್ಯಾನೆಲ್ಲಿನಲ್ಲಿ ಕಸ್ಟಮ್ ಅಂತ ಹೋಗಿ 1600-900, 60 ಹರ್ಟ್ಸ್ ಅಂತ ಒತ್ತಾಯದಿಂದ ಕೂಡಿಸಿದೆ. ಬಂತು, ಆದರೆ ಚಿತ್ರ ಎಡಕ್ಕೆ ಎರಡು ಬೆರಳು ಸರಿದು ಸಣ್ಣಗೆ ನಡುಗುತ್ತಿತ್ತು. ಆಟೋ ಅಡ್ಜಸ್ಟ್ ಒತ್ತಿ ಒತ್ತಿ ಅಷ್ಟೋ ಇಷ್ಟೋ ಸರಿ ಮಾಡಿ ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಕರೆಂಟ್ ಹೋಗಿ ಬಂದ ಮೇಲೆ ಮತ್ತೆ 1024. ಪೆಟ್ರೋಲ್ 100 ರೂಪಾಯಿ ಹೋಯಿತು. ಅಂಗಡಿಯಲ್ಲಿ ಯಾವುದೋ ನೇಮಕಾತಿಗೆ 371ಜೆ (ಕಲ್ಯಾಣ ಕರ್ನಾಟಕ ಮೀಸಲಾತಿ) ಸರ್ಟಿಫಿಕೇಟ್ ಅರ್ಜಿ ಹಾಕೋಕೆ ಬಂದ ಐದಾರು ಹುಡುಗರು ಕಾದು ಬೇರೆ ಅಂಗಡಿಗೆ ಹೋದರು, ಆ ದುಡ್ಡೂ ಹೋಯಿತು.

ಎರಡನೇ ದಿನ ಡಿವೈಸ್ ಮ್ಯಾನೇಜರಿನಲ್ಲಿ ಮಾನಿಟರ್ ಸಾಲು ತೆಗೆದು ನೋಡಿದೆ. 'ಜೆನೆರಿಕ್ ನಾನ್-ಪಿಎನ್‌ಪಿ ಮಾನಿಟರ್' ಅಂತ ಇತ್ತು. ಆ 'ನಾನ್' ಅನ್ನೋ ಪದದ ಮೇಲೆ ನನ್ನ ಕಣ್ಣು ನಿಂತಿತು. ಅಂದರೆ ಕಂಪ್ಯೂಟರಿಗೆ ಎದುರಿಗೆ ಯಾವ ಮಾನಿಟರ್ ಇದೆ ಅಂತಲೇ ಗೊತ್ತಿಲ್ಲ. ಪಕ್ಕಾ ಮಾಡಿಕೊಳ್ಳಲು ವಿಂಡೋಸ್ ಬದಲು ಓಡುವ ಉಬುಂಟುವಿನ ಪೆನ್‌ಡ್ರೈವ್ ಹಾಕಿ ಬೂಟ್ ಮಾಡಿದೆ. ಅಲ್ಲೂ 1024-768. ಅಲ್ಲಿಗೆ ವಿಂಡೋಸ್ ಮೇಲಿನ ಅನುಮಾನ ಹೋಯಿತು. ಈ ಒಂದು ಪರೀಕ್ಷೆ ಮೊದಲೇ ಮಾಡಿದ್ದರೆ ಸಾಹುಕಾರರ ಸಾವಿರ ರೂಪಾಯಿ ಉಳಿಯುತ್ತಿತ್ತು, ಅಲ್ವಾ. ಐದು ನಿಮಿಷದ ಕೆಲಸ ಅದು.

ಸಿಪಿಯುವಿನಿಂದ ಮಾನಿಟರಿಗೆ ಹೋಗುವ ಈ 15 ಪಿನ್ನಿನ ಕೇಬಲ್ಲಿಗೆ ವಿಜಿಎ ಅನ್ನುತ್ತಾರೆ. ಅದರಲ್ಲಿ ಚಿತ್ರ ಹೋಗೋದು 1, 2, 3ನೇ ಪಿನ್ನಿನಲ್ಲಿ, ಚಿತ್ರವನ್ನು ಜಾಗಕ್ಕೆ ಕೂಡಿಸುವ ಅಡ್ಡ ಉದ್ದದ ಸಿಂಕ್ ಹೋಗೋದು 13, 14ರಲ್ಲಿ. ಮಾನಿಟರ್ ತನ್ನ ಹೆಸರು, ಅಳತೆ ಎಲ್ಲ ಹೇಳೋದು 12 ಮತ್ತು 15ರಲ್ಲಿ. ಅದೇ ಇಡಿಐಡಿ, 128 ಬೈಟಿನ ಮಾಹಿತಿ. 12 ಕಡಿದರೆ ಚಿತ್ರಕ್ಕೆ ಏನೂ ಆಗಲ್ಲ, ಬಣ್ಣ ಪೂರ್ತಿ ಬರುತ್ತದೆ. ಮಾನಿಟರ್ ಮಾತ್ರ ಮೂಕ ಆಗುತ್ತದೆ. ಕಂಪ್ಯೂಟರ್ ಆಗ ಯಾವುದಕ್ಕಾದರೂ ಒಗ್ಗಲಿ ಅಂತ 1024-768 ಕಳಿಸುತ್ತದೆ. ನನ್ನನ್ನು ಕೇಳಿದ ಮೂವರಿಗೂ ನನ್ನ ಉತ್ತರ ಇಷ್ಟೇ.

ಕೇಬಲ್ ಬಿಚ್ಚಿ ನೋಡಿದರೆ ಪಿನ್ನುಗಳು ಎಲ್ಲ ನೆಟ್ಟಗಿದ್ದವು. ಮೀಟರನ್ನು ತಂತಿ ಕೂಡಿದ್ದರೆ ಕೂಗುವ ಬೀಪಿಗೆ ಇಟ್ಟು ಒಂದೊಂದೇ ಪಿನ್ನಿನ ಎರಡೂ ತುದಿ ಮುಟ್ಟಿದೆ. 12 ಬಿಟ್ಟು ಬೇಕಾದವೆಲ್ಲ ಕೂಗಿದವು. ಸಿಪಿಯು ಕಡೆಯ ಕುತ್ತಿಗೆ ಹತ್ತಿರ ಕೇಬಲ್ ಬಗ್ಗಿಸಿ ಹಿಡಿದರೆ 12 ಒಮ್ಮೆ ಕೂಗುತ್ತದೆ, ಒಮ್ಮೆ ಇಲ್ಲ. ಕಸ ಗುಡಿಸಲು ಟೇಬಲ್ ಜರುಗಿಸಿದಾಗ ಕುತ್ತಿಗೆ ಗೋಡೆಗೆ ಒತ್ತಿ ಒಳಗಿನ ತಂತಿ ಕಡಿದಿತ್ತು. ಆನ್ ಇರುವವರೆಗೆ ಹಳೆಯ ಅಳತೆಯಲ್ಲೇ ನಡೆದಿತ್ತು. ಕರೆಂಟ್ ಹೋಗಿ ಮತ್ತೆ ಬೂಟ್ ಆದಾಗ ಕಂಪ್ಯೂಟರ್ ಮಾನಿಟರನ್ನು ಕೇಳಿತು, ಉತ್ತರ ಬರಲಿಲ್ಲ. 'ಒಮ್ಮೆಲೇ' ಆಯಿತು ಅಂತ ಅವರಿಗೆ ಅನ್ನಿಸಿದ್ದು ಇದಕ್ಕೇ.

ಹಾರುತ್ತಾ ಹೋಗಿ 120 ರೂಪಾಯಿಗೆ ಹೊಸ ಕೇಬಲ್ ತಂದೆ. ಹಾಕಿದೆ. ಮತ್ತೆ 1024!

ಅಲ್ಲಿ ನಿಂತಿದ್ದ ಎರಡನೆಯ ಟೆಕ್ನಿಷಿಯನ್ ನಕ್ಕರು. "ನಾ ಹೇಳಿದ್ನಲ್ಲ ಅಣ್ಣಾ, ಕೇಬಲ್ ಅಲ್ಲ ಅಂತ." ಸಾಹುಕಾರರು ಮಾತಾಡಲಿಲ್ಲ, ಚಾ ಮಾತ್ರ ತರಿಸಿದರು. ನನಗೆ ಆ ಚಾ ಗಂಟಲಲ್ಲಿ ಇಳಿಯಲಿಲ್ಲ. ಸುಮ್ನೆ ಹೊಸ ಕೇಬಲ್ ಅಂಗಡಿಗೆ ತಂದು ಅದನ್ನೂ ಮೀಟರಿಗೆ ಇಟ್ಟೆ. 12 ಇಲ್ಲ, 15 ಕೂಡ ಇಲ್ಲ. ಬ್ಲೇಡಿನಿಂದ ಸೀಳಿ ನೋಡಿದೆ. ಹೊರಗೆ ಪಿನ್ನು ಇದೆ, ಒಳಗೆ ಅದಕ್ಕೆ ತಂತಿಯೇ ಹಾಕಿಲ್ಲ! ಅಗ್ಗದ ಕೇಬಲ್ ಮಾಡುವವರು ಉಳಿಸೋದು ಇಲ್ಲೇ. ಅದೇ ತರಹದ ಇನ್ನೂ ನಾಲ್ಕು ಕೇಬಲ್ ತಂದು ನೋಡಿದೆ, ಮೂರರಲ್ಲಿ ಇಲ್ಲ. ಒಂದು ಎಚ್ಚರಿಕೆ, 9ನೇ ಪಿನ್ನು ಇಲ್ಲದ ಒಳ್ಳೆಯ ಕೇಬಲ್ಲುಗಳೂ ಇರುತ್ತವೆ. ಅದನ್ನು ನೋಡಿ ಕೇಬಲ್ ಬಿಸಾಕಬೇಡಿ.

ಅಟ್ಟದ ಮೇಲಿದ್ದ ಹಳೆಯ ಮಾನಿಟರಿನ ದಪ್ಪ ಕೇಬಲ್ ತಗೊಂಡು ಮತ್ತೆ ಹೋದೆ. ಹಾಕಿ ರೀಸ್ಟಾರ್ಟ್ ಮಾಡಿದೆ. ಏನೂ ಒತ್ತದೆ, ಏನೂ ಹಾಕದೆ, ತಾನಾಗಿಯೇ 1600-900 ಬಂತು. ಸೇವ್ ಬಟನ್ ತನ್ನ ಜಾಗದಲ್ಲಿ ಕೂತಿತ್ತು. ಗುಮಾಸ್ತರು ಎದ್ದು ಬಂದು ಪರದೆ ಹತ್ತಿರ ಮುಖ ಇಟ್ಟು ನೋಡಿದರು. ಆ ಕ್ಷಣಕ್ಕೆ ನನಗೆ ಆದ ಸಂತೋಷ ಇವತ್ತಿಗೂ ನೆನಪಿದೆ.

ಆದರೆ ಆ ಕೇಬಲ್ ಒಂದೂವರೆ ಮೀಟರ್, ಕಾಟಾ ಕೋಣೆಗೆ ಬೇಕಾಗಿದ್ದು ಮೂರು. ಎರಡು ದಿನ ಸಿಪಿಯು ಎತ್ತಿ ಸ್ಟೂಲಿನ ಮೇಲೆ ಇಟ್ಟರು. ನಾನು ಅವರ ಮೂಲ ಕೇಬಲ್ಲನ್ನೇ ಕುತ್ತಿಗೆಯಿಂದ ಒಂದು ಗೇಣು ಬಿಟ್ಟು ಕತ್ತರಿಸಿ, 40 ರೂಪಾಯಿಯ ಸೋಲ್ಡರ್ ಕನೆಕ್ಟರ್ ಹಾಕಿದೆ. ಮೊದಲ ಸಲ ಅಕ್ಷರದ ಬಲಕ್ಕೆ ನೆರಳು ಬಿತ್ತು. ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆ ಜಾಲರಿ ಗ್ರೌಂಡ್ ಇರುತ್ತದೆ, ಅವನ್ನು ನಾನು ಒಟ್ಟಿಗೆ ಗಂಟು ಹಾಕಿಬಿಟ್ಟಿದ್ದೆ. ಬಿಚ್ಚಿ 6, 7, 8ಕ್ಕೆ ಬೇರೆ ಬೇರೆ ಕೂಡಿಸಿದ ಮೇಲೆ ನೆರಳು ಹೋಯಿತು. ಎರಡು ಗಂಟೆ ಹಿಡಿಯಿತು. ಈಗ ಅದೇ ಕೆಲಸ ಅರ್ಧ ಗಂಟೆಯಲ್ಲಿ ಮಾಡುತ್ತೇನೆ, ಯಾವ ತಂತಿಯಿಂದ ಶುರು ಮಾಡುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಕೇಬಲ್ ಪರೀಕ್ಷೆಗೆ ಎಲ್‌ಇಡಿ ಹಾಕಿದ ಒಂದು ಡಬ್ಬಿಯನ್ನೂ ಮಾಡಿಕೊಂಡಿದ್ದೇನೆ, ಎರಡು ತುದಿ ಚುಚ್ಚಿದರೆ ಸಾಕು. ಅದರ ಜೋಡಣೆಯನ್ನೂ ಹೇಳಲ್ಲ.

ಸಾಹುಕಾರರು ಕೇಳದೆ 800 ಕೊಟ್ಟರು. ಪೆಟ್ರೋಲ್, ಕೇಬಲ್, ಕನೆಕ್ಟರ್ ಎಲ್ಲ ಸೇರಿ ನನ್ನ ಕೈಯಿಂದ 450ರ ಹತ್ತಿರ ಹೋಗಿತ್ತು. ಲಾಭ ಅಂತ ಏನಿಲ್ಲ. ಆದರೆ ಆ ಸುಗ್ಗಿ ಮುಗಿಯುವಷ್ಟರಲ್ಲಿ ಅವರ ಕಡೆಯಿಂದಲೇ ಇನ್ನೂ ನಾಲ್ಕು ಮಿಲ್ಲಿನ ಕೆಲಸ ಬಂತು.

ಅಲ್ಲಿಂದ ಹುಚ್ಚು ಹಿಡಿದು ಕೆಲವು ಪ್ರಯೋಗ ಮಾಡಿದೆ. ಎಚ್‌ಡಿಎಂಐಯಿಂದ ವಿಜಿಎಗೆ ತಿರುಗಿಸುವ 350 ರೂಪಾಯಿಯ ಕನ್ವರ್ಟರನ್ನು 12 ಕಡಿದ ಕೇಬಲ್ಲಿಗೆ ಹಾಕಿದರೆ ಸರಿ ಹೋಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಅದೂ ಅದೇ ಕೇಬಲ್ಲಿನ 12, 15ರ ಮೂಲಕವೇ ಮಾನಿಟರನ್ನು ಕೇಳಬೇಕು. ಇನ್ನೊಂದು, ಮಾನಿಟರ್ ಇಲ್ಲದೆ ಓಡುವ ಒಂದು ಸಿಸಿಟಿವಿ ಕಂಪ್ಯೂಟರಿಗೆ ದೂರದಿಂದ ಲಾಗಿನ್ ಆದರೆ ಪರದೆ ಸಣ್ಣ ಅಳತೆಗೆ ಬೀಳುತ್ತಿತ್ತು. ವಿಜಿಎ ಬಾಯಿಗೆ, ಅಂದರೆ ಕೇಬಲ್ ಚುಚ್ಚುವ ಜಾಗಕ್ಕೆ, 1 ಮತ್ತು 6ರ ನಡುವೆ, ಹಾಗೇ 2-7, 3-8ರ ನಡುವೆ 75 ಓಮ್ ರೆಸಿಸ್ಟರ್ ಹಾಕಿದೆ. ಮಾನಿಟರ್ ಇದೆ ಅಂತ ಅದು ನಂಬಿತು, ಅಳತೆಯನ್ನು ಕೈಯಿಂದ ಕೂಡಿಸಲು ಬಂತು. ಮೂರು ರೂಪಾಯಿ ಖರ್ಚು. ಗೆಳೆಯನ ಅಂಗಡಿಯ 32 ಇಂಚಿನ ಟಿವಿಯಲ್ಲಿ ನಾಲ್ಕೂ ಅಂಚು ಕತ್ತರಿಸಿ ಚಿತ್ರ ಉಬ್ಬಿದ ಹಾಗೆ ಕಾಣುತ್ತಿತ್ತು. ಅದು ಓವರ್‌ಸ್ಕ್ಯಾನ್, ಟಿವಿಯ ಪಿಕ್ಚರ್ ಸೈಜಿನಲ್ಲಿ ಜಸ್ಟ್ ಸ್ಕ್ಯಾನ್ ಅಂತ ಹಾಕಿದೆ, ಮುಗೀತು.

ಈಗ ಎಲ್ಲಿ ಹೋದರೂ ಮೊದಲು ಮಾನಿಟರಿನದೇ ಮೆನು ಬಟನ್ ಒತ್ತುತ್ತೇನೆ. ಬರುತ್ತಿರುವ ಸಿಗ್ನಲ್ ಎಷ್ಟು ಅಂತ ಅದೇ ತೋರಿಸುತ್ತದೆ. ಅಲ್ಲಿ ಸರಿಯಾದ ಅಳತೆ ಇದ್ದರೆ ತಪ್ಪು ವಿಂಡೋಸ್ ಒಳಗೆ, ಮ್ಯಾಗ್ನಿಫೈಯರೋ ಸ್ಕೇಲೋ ನೋಡುತ್ತೇನೆ. ಅಲ್ಲೇ 1024 ಇದ್ದರೆ ಡಿವೈಸ್ ಮ್ಯಾನೇಜರ್. ಡಿಸ್‌ಪ್ಲೇ ಅಡಾಪ್ಟರ್ ಎದುರಿಗೆ 'ಬೇಸಿಕ್' ಅಂತ ಇದ್ದರೆ ಡ್ರೈವರ್, ಮಾನಿಟರ್ ಎದುರಿಗೆ 'ನಾನ್' ಅಂತ ಇದ್ದರೆ ಕೈ ನೇರ ಕೇಬಲ್ಲಿಗೆ.

ಆಮೇಲೆ ಇಂಥವು 14-15 ನೋಡಿದ್ದೇನೆ. ಹತ್ತು ಹನ್ನೊಂದು ಕೇಬಲ್ಲೇ. ಒಂದರಲ್ಲಿ ಪಿನ್ನು ಒಳಗೆ ಹೋಗಿತ್ತು, ಎರಡರಲ್ಲಿ ಮಾನಿಟರ್ ಬಾಯಿಯ ಸೋಲ್ಡರ್ ಬಿಟ್ಟಿತ್ತು. ಒಂದು ಮಾತ್ರ ಇನ್ನೂ ನನ್ನ ಟೇಬಲ್ ಮೇಲಿದೆ. ಅದರಲ್ಲಿ ಕೇಬಲ್ ಸರಿ, ಬಾಯಿ ಸರಿ, ಇಡಿಐಡಿ ಇಟ್ಟುಕೊಳ್ಳುವ ಒಳಗಿನ 24ಸಿ02 ಚಿಪ್ಪೇ ಖಾಲಿ. ಚಿಪ್ ಓದಿ ಬರೆಯುವ ಸಿಎಚ್341ಎ ಪ್ರೋಗ್ರಾಮರ್ ತರಿಸಿದ್ದೇನೆ, ಓದಿ ನೋಡಿದೆ, ಬರೀ ಎಫ್ಎಫ್ ಬರುತ್ತದೆ, ಅಂದರೆ ಏನೂ ಬರೆದಿಲ್ಲ. ಅದೇ ಮಾದರಿಯ ಇನ್ನೊಂದು ಮಾನಿಟರ್ ಸಿಂಧನೂರಿನ ಗೆಳೆಯರ ಹತ್ತಿರ ಇದೆಯಂತೆ. ಮುಂದಿನ ವಾರ ಅದನ್ನು ತಂದು ಅದರ 128 ಬೈಟನ್ನು ಇದಕ್ಕೆ ಬರೆಯುತ್ತೇನೆ.