ದೆವ್ವದ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುವ ಬಗೆ

ನಮ್ಮ ಮನೆಯಲ್ಲಿ ದೆವ್ವದ ಪುಸ್ತಕಗಳಿಗೆ ಬೇರೆಯೇ ಕಪಾಟು. ದೇವರಮನೆ ಗೋಡೆಗೆ ಅವು ತಾಗಕೂಡದು ಅಂತ ಅತ್ತೆಯ ಅಪ್ಪಣೆ. ಹಾಗಾಗಿ ಹನುಮಂತನಗರದ ಈ ಸಣ್ಣ ಮನೆಯಲ್ಲಿ ಅವು ಫ್ರಿಜ್ಜಿನ ಪಕ್ಕ ನಿಂತಿವೆ. ಒಟ್ಟು 62. ಅದರಲ್ಲಿ 31ಕ್ಕೆ ಬರೆದವರ ಸಹಿ ಇದೆ. ಇನ್ನೊಂದಕ್ಕೆ ಇತ್ತು, ಈಗಿಲ್ಲ. ಅದರ ಕಥೆ ಮುಂದೆ ಹೇಳುತ್ತೇನೆ.

ಕನ್ನಡದಲ್ಲಿ ಬರೆಯುವವರ ಸಹಿ ಸಿಗುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಭಾನುವಾರ ಬೆಳಿಗ್ಗೆ ಬೇಗ ಎದ್ದರೆ ಅರ್ಧ ಕೆಲಸ ಆದ ಹಾಗೆ. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು, ಬಿ.ಪಿ. ವಾಡಿಯಾ ರಸ್ತೆಯ ವರ್ಲ್ಡ್ ಕಲ್ಚರ್ ಸಂಸ್ಥೆ, ಜೆ.ಸಿ. ರಸ್ತೆ ಕನ್ನಡ ಭವನದ ನಯನ ಸಭಾಂಗಣ, ಹೀಗೆ ಎಲ್ಲೋ ಒಂದು ಕಡೆ ಪುಸ್ತಕ ಬಿಡುಗಡೆ ಇರುತ್ತದೆ. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲೇ ಹೋಗಿ. ಮುಗಿದ ಮೇಲೆ ಲೇಖಕರ ಸುತ್ತ ನೆಂಟರು, ಶಾಲು, ಫೋಟೋ. ಅಲ್ಲಿ ನಿಮ್ಮ ಸರದಿ ಬರುವುದಿಲ್ಲ. ಉಪ್ಪಿಟ್ಟು ತಿನ್ನುತ್ತಿರುವವರ ಹತ್ತಿರವೂ ಹೋಗಬೇಡಿ. ನನ್ನ ಒಂದು ಪುಸ್ತಕದಲ್ಲಿ ಸಹಿಯ ಪಕ್ಕದಲ್ಲೇ ಹೆಬ್ಬೆರಳಿನ ಎಣ್ಣೆ ಗುರುತಿದೆ. ಸಹಿ ಅಸಲಿ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ, ಆ ಮಾತು ಬೇರೆ.

ಡಿಸೆಂಬರಿನಲ್ಲಿ ಬೆಂಗಳೂರು ಸಾಹಿತ್ಯ ಉತ್ಸವ ಇದೆ. 2012ರಿಂದ ನಡೆಯುತ್ತಿದೆ. ಇಂಗ್ಲಿಷಿನವರು ಸಿಗುವುದು ಅಲ್ಲಿ. ಸಾಲು ಉದ್ದ. ಎರಡಕ್ಕಿಂತ ಜಾಸ್ತಿ ಪುಸ್ತಕ ಚಾಚಬೇಡಿ, ಹಿಂದಿದ್ದವರು ಗೊಣಗುತ್ತಾರೆ. ಹಳೆಯದನ್ನು ಮನೆಯಿಂದ ಒಯ್ದರೂ ಹೊಸದೊಂದನ್ನು ಅಲ್ಲೇ ಕೊಂಡುಕೊಳ್ಳುವುದು ಮರ್ಯಾದೆ.

ಇನ್ನು ನಮ್ಮ ಕಷ್ಟ ಏನೆಂದರೆ, 'ಹಾರರ್' ಅಂತ ಮುಖಪುಟದಲ್ಲೇ ಹಾಕಿಕೊಂಡು ಬರುವ ಕನ್ನಡ ಪುಸ್ತಕ ಕಡಿಮೆ. ಯಾವುದೋ ಸಂಸಾರದ ಕಥೆಗಳ ಸಂಕಲನದಲ್ಲಿ ಏಳನೇ ಕಥೆಯೊಳಗೆ ದೆವ್ವ ಸುಮ್ನೆ ಕೂತಿರುತ್ತದೆ. ಅಂಥ ಪುಸ್ತಕಕ್ಕೆ ನಾನು ಮೊದಲ ಹಾಳೆಯಲ್ಲಿ ಸಹಿ ಕೇಳುವುದಿಲ್ಲ. ಆ ಕಥೆ ಶುರುವಾಗುವ ಪುಟ ತೆಗೆದು ಮುಂದಿಡುತ್ತೇನೆ. "ಸರ್, ಇಲ್ಲಿ ಹಾಕಿಕೊಡಿ. ಇದನ್ನ ಓದಿ ಎರಡು ರಾತ್ರಿ ಬಾತ್‌ರೂಮಿಗೆ ಹೋಗೋಕೆ ಹೆದರಿದ್ದೆ" ಅಂದರೆ ಅವರು ತಲೆ ಎತ್ತಿ ನೋಡುತ್ತಾರೆ. ಆಮೇಲೆ ಬರೀ ಸಹಿ ಹಾಕುವುದಿಲ್ಲ, ನಾಲ್ಕು ಸಾಲು ಬರೆಯುತ್ತಾರೆ.

ಅನುವಾದಕರನ್ನೂ ಮರೆಯಬೇಡಿ. ನಮ್ಮ ವಯಸ್ಸಿನ ಎಷ್ಟೋ ಜನಕ್ಕೆ ಮಾಟ ಅಂದರೆ ಏನು ಅಂತ ಹೆದರಿಸಿ ಕಲಿಸಿದ್ದು 'ತುಳಸಿದಳ'. ಅದು ಯಂಡಮೂರಿ ವೀರೇಂದ್ರನಾಥರು ತೆಲುಗಿನಲ್ಲಿ ಬರೆದದ್ದು. ಕನ್ನಡದಲ್ಲಿ 1985ರಲ್ಲಿ ಸಿನಿಮಾನೂ ಬಂತು. ಇಂಥ ಪುಸ್ತಕಗಳಲ್ಲಿ ನಮ್ಮನ್ನು ನಡುಗಿಸಿದ ಕನ್ನಡ ಅನುವಾದಕರದ್ದೇ ಅಲ್ವಾ? ಅವರ ಹತ್ತಿರ ಸಹಿ ಕೇಳುವವರು ಯಾರೂ ಇರುವುದಿಲ್ಲ. ಕೇಳಿ ನೋಡಿ, ಕಾಫಿ ಕುಡಿಸದೆ ಬಿಡುವುದಿಲ್ಲ.

ಏನು ಬರೆಸಿಕೊಳ್ಳಬೇಕು? ಮಾರುವವರ ಲೆಕ್ಕದಲ್ಲಿ ಬರೀ ಸಹಿ ಇದ್ದರೆ ಬೆಲೆ ಜಾಸ್ತಿ, ಯಾರದೋ ಹೆಸರಿದ್ದರೆ ಕಡಿಮೆ. ನಾನು ಒಪ್ಪುವುದಿಲ್ಲ. ನನ್ನ ಹೆಸರು, ತಾರೀಖು, ಊರು ಮೂರೂ ಬೇಕು. ಜೊತೆಗೆ ಇನ್ನೊಂದು ಚಪಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದದ್ದು ನೆನಪಿದೆಯಾ? ರಾತ್ರಿ ಮನೆಯವರ ದನಿಯಲ್ಲೇ ಕರೆಯುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತದೆ. ನಮ್ಮ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದವಳು ನಾನೇ. 'ನಾಲೆ ಬಾ' ಅಂತ ಬರೆದಿದ್ದೆ. ತಾತ ನೋಡಿ, "ದೆವ್ವಕ್ಕೆ ಕನ್ನಡ ಚೆನ್ನಾಗಿ ಬಂದರೆ ಇದು ನನಗಲ್ಲ ಅಂತ ಒಳಗೇ ಬರುತ್ತೆ ಕಣೇ" ಅಂದಿದ್ದರು. ಈಗ ಸಿಕ್ಕ ಲೇಖಕರನ್ನೆಲ್ಲ ಸಹಿಯ ಮೇಲೆ 'ನಾಳೆ ಬಾ' ಅಂತ ಬರೆದುಕೊಡಿ ಅನ್ನುತ್ತೇನೆ. ಹನ್ನೊಂದು ಜನ ಬರೆದಿದ್ದಾರೆ. ಒಬ್ಬರು "ಬೇಡಮ್ಮಾ, ರಾತ್ರಿ ನಾನು ಒಬ್ಬನೇ ಮಲಗೋದು" ಅಂದರು.

ಪೆನ್ನು ನೀವೇ ಒಯ್ಯಿರಿ. ಇದು ಮುಖ್ಯ. ಬಾಲ್‌ಪೆನ್ನು ಹಿಂದಿನ ಹಾಳೆಗೂ ಗೀರು ಬೀಳಿಸುತ್ತದೆ. ಜೆಲ್ ಪೆನ್ನು ನುಣುಪು ಕಾಗದದ ಮೇಲೆ ಹರಡುತ್ತದೆ. ಇಂಕ್ ಪೆನ್ನಿನ ಅಕ್ಷರ ಚೆಂದ, ಆದರೆ ನೀರು ಬಿದ್ದರೆ ಮುಗಿಯಿತು. ಜುಲೈ ತಿಂಗಳ ಒಂದು ಸಂಜೆ, ಆಟೋದಲ್ಲಿ ಪಕ್ಕದ ಪರದೆ ಇರಲಿಲ್ಲ, ಮಿನರ್ವ ಸರ್ಕಲ್ ದಾಟುವಷ್ಟರಲ್ಲಿ ಬ್ಯಾಗು ಒದ್ದೆ. ಮನೆಗೆ ಬಂದು ತೆಗೆದರೆ ಸಹಿ ಇದ್ದ ಜಾಗದಲ್ಲಿ ನೀಲಿ ಮೋಡ. ಆ ಲೇಖಕರು ಈಗಿಲ್ಲ. ಚಿತ್ರ ಬರೆಯುವವರ ಅಂಗಡಿಯಲ್ಲಿ ಪಿಗ್ಮೆಂಟ್ ಇಂಕಿನ ತೆಳು ಡ್ರಾಯಿಂಗ್ ಪೆನ್ನು ಸಿಗುತ್ತದೆ. ಒಣಗಿದ ಮೇಲೆ ನೀರಿಗೆ ಅಳುಕುವುದಿಲ್ಲ, ಬೇಗ ಮಾಸುವುದೂ ಇಲ್ಲ. ಸಹಿ ಆದ ಮೇಲೆ ಪುಸ್ತಕ ಎರಡು ನಿಮಿಷ ತೆರೆದೇ ಇರಲಿ. ಬ್ಯಾಗಿನಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರಲಿ.

ಸೆಕೆಂಡ್ ಹ್ಯಾಂಡ್ ಪುಸ್ತಕಗಳಿಗೆ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ಎಲ್ಲರಿಗೂ ಗೊತ್ತು. ಬ್ರಿಗೇಡ್ ರಸ್ತೆಯ ಸಂದಿಯಲ್ಲಿರುವ ಸೆಲೆಕ್ಟ್ 1945ರಷ್ಟು ಹಳೆಯದು. ಅವೆನ್ಯೂ ರಸ್ತೆಯ ರಾಶಿಗಳಲ್ಲಿ ತಾಳ್ಮೆ ಬೇಕು. ಎಲ್ಲೇ ಆಗಲಿ, ಮೊದಲ ಎರಡು ಹಾಳೆ ತಿರುಗಿಸದೆ ಪುಸ್ತಕ ಕೆಳಗಿಡಬೇಡಿ. 'ಪ್ರೀತಿಯ ಗೆಳೆಯನಿಗೆ' ಅಂತ ಲೇಖಕರೇ ಬರೆದುಕೊಟ್ಟ ಪ್ರತಿ ಆ ಗೆಳೆಯನ ಮನೆಯಿಂದ ತೂಕಕ್ಕೆ ಬಂದು ಬಿದ್ದಿರುತ್ತದೆ. ದೆವ್ವದ ಕಥೆಗಿಂತ ಭಯವಾಗುವುದು ಅದು.

ಅಸಲಿಯೋ ಅಲ್ಲವೋ ನೋಡಲು ಭೂತಗನ್ನಡಿ ಇಟ್ಟುಕೊಳ್ಳಿ. ಹೆಸರೇ ಭೂತಗನ್ನಡಿ, ನಮ್ಮಂಥವರ ಮನೆಯಲ್ಲಿ ಇಲ್ಲದಿದ್ದರೆ ಹೇಗೆ? ಪೆನ್ನಿನ ಗೆರೆ ಗೆರೆಯನ್ನು ದಾಟುವ ಕಡೆ ಕಪ್ಪು ಹೆಚ್ಚಾಗಿ ಕಾಣುತ್ತದೆ. ಪ್ರಿಂಟಾದ ಸಹಿಯಲ್ಲಿ ಎಲ್ಲ ಕಡೆ ಒಂದೇ ಸಮ, ಬಣ್ಣದ್ದಾದರೆ ಸಣ್ಣ ಚುಕ್ಕೆಗಳು. ಹಾಳೆಯ ಹಿಂದೆ ಬೆರಳಾಡಿಸಿ, ಒತ್ತು ತಾಗುತ್ತದಾ ನೋಡಿ. ಆಟೋಪೆನ್ ಅನ್ನುವ ಯಂತ್ರದ ಸಹಿ ಇನ್ನೂ ಕಳ್ಳ, ಯಾಕೆಂದರೆ ಅದು ಬರೆಯುವುದು ನಿಜವಾದ ಪೆನ್ನಿನಲ್ಲೇ. ಎರಡು ಪ್ರತಿಯ ಸಹಿಗಳು ಒಂದರ ಮೇಲೊಂದು ಕೂದಲೆಳೆಯೂ ತಪ್ಪದೆ ಕೂತರೆ ಅನುಮಾನ ಪಡಿ. ಮನುಷ್ಯರ ಕೈ ಹಾಗೆ ಬರೆಯುವುದಿಲ್ಲ. 2022ರಲ್ಲಿ ಅಮೆರಿಕದ ಹಾಡುಗಾರ ಬಾಬ್ ಡಿಲನ್ನರ ಪುಸ್ತಕವನ್ನು ಕೈಯಾರೆ ಸಹಿ ಮಾಡಿದ್ದು ಅಂತ 599 ಡಾಲರಿಗೆ ಮಾರಿದ್ದರು. ಕೊಂಡವರು ಸಹಿಗಳನ್ನು ಹೋಲಿಸಿ ನೋಡಿ ಯಂತ್ರದ್ದು ಅಂತ ಹಿಡಿದರು. ದುಡ್ಡು ವಾಪಸ್ ಕೊಡಬೇಕಾಯಿತು, ಡಿಲನ್ ಕ್ಷಮೆಯನ್ನೂ ಕೇಳಿದರು.

ಹೊರದೇಶದ ಸೀಮಿತ ಪ್ರತಿಗಳ ಹುಚ್ಚು ನನಗಿಲ್ಲ, ಸಂಬಳವೂ ಇಲ್ಲ. 1980ರಲ್ಲಿ ಅಮೆರಿಕದ ಹಾರರ್ ಲೇಖಕ ಸ್ಟೀಫನ್ ಕಿಂಗ್ ಅವರ 'ಫೈರ್‌ಸ್ಟಾರ್ಟರ್' ಕಾದಂಬರಿಯ 26 ಪ್ರತಿಗಳಿಗೆ ಕಲ್ನಾರಿನ ಬಟ್ಟೆಯಲ್ಲಿ ಬೈಂಡ್ ಹಾಕಿದ್ದರು. ಬೆಂಕಿ ಹಚ್ಚುವ ಹುಡುಗಿಯ ಕಥೆ, ಸುಡದ ರಟ್ಟು! ಓದಿ ಖುಷಿಪಟ್ಟು ಸುಮ್ಮನಾಗಿದ್ದೇನೆ. ಹೊರಗಿನ ಲೇಖಕರು ಬೇಕೇ ಬೇಕು ಅಂದರೆ ಸಹಿ ಮಾಡಿದ ಬುಕ್‌ಪ್ಲೇಟ್ ಕಳಿಸುತ್ತೀರಾ ಅಂತ ವಿನಯವಾಗಿ ಕೇಳಿ. ಅಂಗೈಯಗಲದ ಚೀಟಿ, ಪುಸ್ತಕದೊಳಗೆ ಅಂಟಿಸಿಕೊಳ್ಳಬಹುದು.

ತಂದ ಮೇಲೆ ಬಿಸಿಲಿಗೆ ಇಡಬೇಡಿ. ಲ್ಯಾಮಿನೇಷನ್ ಮಾತೇ ಬೇಡ. ಪೇಪರಿನ ವಿಮರ್ಶೆ ಕತ್ತರಿಸಿ ಸಹಿಯ ಪುಟದಲ್ಲಿ ಇಡುವ ಅಭ್ಯಾಸ ಬಿಡಿ, ಪೇಪರಿನಲ್ಲಿರುವ ಆಮ್ಲದಿಂದ ಆ ಪುಟ ಕಂದಿಹೋಗುತ್ತದೆ. ಮಳೆಗಾಲಕ್ಕೆ ಕಪಾಟಿನ ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ತಿಂಗಳಿಗೊಮ್ಮೆ ಎಲ್ಲ ಹೊರತೆಗೆದು ಬೆಳ್ಳಿಮೀನಿನಂಥ ಆ ಹುಳ ಇದೆಯಾ ನೋಡಿ, ಅಂಟು ಅದಕ್ಕೆ ಹಬ್ಬದೂಟ. ಎಲ್ಲಿ, ಯಾವತ್ತು ಸಹಿ ಸಿಕ್ಕಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಹ್ವಾನ ಪತ್ರಿಕೆ ಇದ್ದರೆ ಅದಕ್ಕೇ ಪಿನ್ ಮಾಡಿ, ಪುಸ್ತಕಕ್ಕಲ್ಲ.

ಇಷ್ಟೆಲ್ಲ ಮಾಡಿದರೂ ಎರವಲು ಕೇಳುವವರಿಂದ ಕಾಪಾಡಲು ನನಗೆ ಉಪಾಯ ಸಿಕ್ಕಿಲ್ಲ. ಕಪಾಟಿನ ಬಾಗಿಲಿಗೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದೆ, ಈ ಸಲ ಕಾಗುಣಿತ ಸರಿಯಾಗಿ. ಮೈದುನ ಓದಿ ನಕ್ಕು ವಾಪಸ್ ಹೋದ. ಮಾರನೇ ದಿನ ಬಂದು ಎರಡು ಪುಸ್ತಕ ತೆಗೆದುಕೊಂಡು ಹೋದ.