ಖಾಸಗಿ ವಿವಿ ಸೇರುವ ಮುಂಚೆ: ಬ್ರೋಶರ್‌ನ ಮಾತಿಗೆ ಬಾಗಿಲು ಎಲ್ಲಿದೆ ನೋಡಿ

ಪಿಯುಸಿ ರಿಸಲ್ಟ್ ಬಂದ ವಾರ ನಮ್ಮಣ್ಣ ಪಾಂಡವಪುರದಿಂದ ಮಗಳನ್ನು ಕರೆದುಕೊಂಡು ಮೈಸೂರಿಗೆ ಬಂದ. ಚೀಲದಲ್ಲಿ ಒಂದಷ್ಟು ಆಲೆಮನೆ ಬೆಲ್ಲ, ಮೂರು ಬಣ್ಣಬಣ್ಣದ ಬ್ರೋಶರ್. ಊಟ ಆದಮೇಲೆ ಮೂರನ್ನೂ ಚಾಪೆ ಮೇಲೆ ಹರಡಿಕೊಂಡು ಕೂತೆವು. ಒಂದರಲ್ಲಿ 'ಮೌಲ್ಯಾಧಾರಿತ ಶಿಕ್ಷಣ' ಅಂತಿತ್ತು. ಇನ್ನೊಂದರಲ್ಲಿ 'ಮೌಲ್ಯಾಧಾರಿತ ಸಮಗ್ರ ಶಿಕ್ಷಣ'. ಮೂರನೆಯದರಲ್ಲಿ 'ಜಾಗತಿಕ ಮಟ್ಟದ ಮೌಲ್ಯಾಧಾರಿತ ಸಮಗ್ರ ಶಿಕ್ಷಣ'. ಲೋಗೊ ಅದಲು ಬದಲು ಮಾಡಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಎಲ್ಲಾ ಚೆನ್ನಾಗೇ ಬರೆದವ್ರೆ ಕಣೋ, ಯಾವುದಕ್ಕೆ ದುಡ್ಡು ಕಟ್ಟೋದು?" ಅಂದ ಅಣ್ಣ.

ಆಮೇಲೆ ಹತ್ತು ದಿನ ಮೂವರೂ ಸುತ್ತಿದೆವು. ಎರಡು ಈ ಕಡೆಯವು, ಒಂದು ಬೆಂಗಳೂರಿನದು. ಹೆಸರು ಬೇಡ ಬಿಡಿ. ಆ ಸುತ್ತಾಟದಲ್ಲಿ ಕಲಿತದ್ದು, ಹಿಂದೆ ನಾನೇ ಪೆಟ್ಟು ತಿಂದು ಕಲಿತದ್ದು ಎರಡೂ ಇಲ್ಲಿವೆ. ಈ ವರ್ಷ ನಿಮ್ಮ ಮನೆಯಲ್ಲೂ ಇದೇ ಚಿಂತೆ ಇದ್ದರೆ ಒಂದು ನೋಟ್‌ಬುಕ್ಕು, ಪೆನ್ನು ಹಿಡಿದುಕೊಳ್ಳಿ.

ಡಿಗ್ರಿ ಕೊಡುವವರು ಯಾರು?

ಬೋರ್ಡಿನ ಮೇಲೆ ಯೂನಿವರ್ಸಿಟಿ ಅಂತ ಬರೆದಿದ್ದರೆ ಸಾಲದು. 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ ಪ್ರಕಾರ ಡಿಗ್ರಿ ಕೊಡುವ ಹಕ್ಕು ಎಲ್ಲರಿಗೂ ಇಲ್ಲ. ಸಂಸತ್ತು ಅಥವಾ ವಿಧಾನಮಂಡಲದ ಕಾಯ್ದೆಯಿಂದ ಹುಟ್ಟಿದ ವಿವಿಗಳು, ಡೀಮ್ಡ್ (ವಿವಿಗೆ ಸಮಾನ) ಎಂದು ಘೋಷಣೆಯಾದ ಸಂಸ್ಥೆಗಳು, ಸಂಸತ್ತು ವಿಶೇಷ ಅಧಿಕಾರ ಕೊಟ್ಟ ಸಂಸ್ಥೆಗಳು ಮಾತ್ರ ಕೊಡಬಹುದು. ಯುಜಿಸಿ ವೆಬ್‌ಸೈಟ್‌ನಲ್ಲಿ ಖಾಸಗಿ ವಿವಿಗಳ ಪಟ್ಟಿ ಇದೆ, ನಕಲಿ ವಿವಿಗಳ ಪಟ್ಟಿಯೂ ಇದೆ. ಎರಡನ್ನೂ ನೋಡಿ. ಐದು ನಿಮಿಷದ ಕೆಲಸ.

ನಮ್ಮ ಸುತ್ತಮುತ್ತಲೇ ಎಲ್ಲ ಬಗೆಯವೂ ಇವೆ. 1916ರಲ್ಲಿ ಶುರುವಾದ ಮೈಸೂರು ವಿವಿ ಸರ್ಕಾರಿ. ಜೆಎಸ್‌ಎಸ್‌ನವರ ವೈದ್ಯಕೀಯ, ಫಾರ್ಮಸಿ ಕೋರ್ಸುಗಳಿರುವ ಅಕಾಡೆಮಿ ಡೀಮ್ಡ್ ವಿವಿ. 1963ರ ಎಸ್‌ಜೆಸಿಇ ಇಂಜಿನಿಯರಿಂಗ್ ಕಾಲೇಜು ಈಗ ಜೆಎಸ್‌ಎಸ್ ವಿಜ್ಞಾನ ಮತ್ತು ತಾಂತ್ರಿಕ ವಿವಿಯೊಳಗಿದೆ, ಅದು ಖಾಸಗಿ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿರುವ ಆದಿಚುಂಚನಗಿರಿ ವಿವಿಯೂ ಖಾಸಗಿ. ಮಂಡ್ಯದ ಪಿಇಎಸ್ ಇಂಜಿನಿಯರಿಂಗ್ ಕಾಲೇಜು ಸ್ವಾಯತ್ತ ಕಾಲೇಜು, ಅದು ಬೆಳಗಾವಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿವಿ) ಅಡಿಯಲ್ಲಿದೆ.

ಇದನ್ನೆಲ್ಲ ತಿಳಿದು ಏನಾಗಬೇಕು ಅಂತೀರಾ? ಖಾಸಗಿ ವಿವಿಯಲ್ಲಿ ಸಿಲಬಸ್ ಅವರದೇ, ಪ್ರಶ್ನೆಪತ್ರಿಕೆ ಅವರದೇ, ಮೌಲ್ಯಮಾಪನ ಅವರದೇ, ಡಿಗ್ರಿಯೂ ಅವರದೇ. ವಿಟಿಯು ಕಾಲೇಜಾದರೆ ಕೊನೆಗೆ ಬೆಳಗಾವಿ ಕಡೆ ಒಂದು ಅರ್ಜಿ ಹಾಕಬಹುದು. ಇಲ್ಲಿ ಎಲ್ಲವೂ ಒಂದೇ ಕಾಂಪೌಂಡಿನೊಳಗೆ. ಅದಕ್ಕೇ ದೂರು ಕೇಳುವ ವ್ಯವಸ್ಥೆ ಹೇಗಿದೆ ಅನ್ನೋದು ಇಲ್ಲಿ ಜಾಸ್ತಿ ಮುಖ್ಯ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಖಾಸಗಿ ವಿವಿ ಬೇರೆ ಕಾಲೇಜುಗಳಿಗೆ ಸಂಯೋಜನೆ ಕೊಡುವ ಹಾಗಿಲ್ಲ. ಇದು 2003ರ ಯುಜಿಸಿ ನಿಯಮ. ಯಾರಾದರೂ ಬಂದು 'ಆ ಯೂನಿವರ್ಸಿಟಿಗೆ ಸೇರಿದ ಕಾಲೇಜು ನಿಮ್ಮೂರಲ್ಲೇ ಇದೆ' ಅಂದರೆ ಅಲ್ಲೇ ಎದ್ದುಬಿಡಿ. ಕೋರ್ಸಿಗೆ ಬೇಕಾದ ಅನುಮತಿಯನ್ನೂ ಕೇಳಿ: ಫಾರ್ಮಸಿಗೆ ಪಿಸಿಐ, ಕಾನೂನಿಗೆ ಬಾರ್ ಕೌನ್ಸಿಲ್, ಬಿಎಡ್‌ಗೆ ಎನ್‌ಸಿಟಿಇ, ವೈದ್ಯಕೀಯಕ್ಕೆ ಎನ್‌ಎಂಸಿ.

ವಿಷನ್, ಮಿಷನ್ ಪುಟವನ್ನು ಪೆನ್ನು ಹಿಡಿದು ಓದಿ

ಈ ಪುಟವನ್ನು ಯಾರೂ ಓದುವುದಿಲ್ಲ, ಅಲ್ವಾ? ನಾನೂ ಓದುತ್ತಿರಲಿಲ್ಲ. ಈ ಸಲ ಅಣ್ಣನ ಮಗಳಿಗೆ ಒಂದು ಕೆಲಸ ಕೊಟ್ಟೆ. ದೊಡ್ಡ ದೊಡ್ಡ ಪದಗಳಿಗೆಲ್ಲ ಅಡಿಗೆರೆ ಎಳಿ, ಪಕ್ಕದಲ್ಲಿ ಇದರ ಬಾಗಿಲು ಎಲ್ಲಿ ಅಂತ ಬರಿ ಅಂದೆ. ಬಾಗಿಲು ಅಂದರೆ ನಿಜವಾದ ಬಾಗಿಲೇ. ಆ ಮಾತಿಗೆ ಒಂದು ಕೋಣೆ ಇರಬೇಕು, ಅದರಲ್ಲಿ ಒಬ್ಬರು ಕೂತಿರಬೇಕು, ಅವರು ಸಿಗುವ ಹೊತ್ತು ಗೊತ್ತಿರಬೇಕು.

'ಗ್ರಾಮೀಣ ವಿದ್ಯಾರ್ಥಿಗಳ ಸಬಲೀಕರಣ' ಅಂತ ಒಂದು ಕಡೆ ಇತ್ತು. ನಮ್ಮ ಹುಡುಗಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಪಿಯುಸಿ ಮೊದಲ ವರ್ಷ ಫಿಸಿಕ್ಸ್ ಕ್ಲಾಸಲ್ಲಿ ಬಾಯಿ ಬಿಟ್ಟಿರಲಿಲ್ಲ ಅಂತ ಅವಳೇ ಹೇಳುತ್ತಾಳೆ. ಹಾಗಾಗಿ ಅವಳು ಬರೆದುಕೊಂಡ ಪ್ರಶ್ನೆ ಹೀಗಿತ್ತು: ಬ್ರಿಡ್ಜ್ ಕೋರ್ಸ್ ಇದೆಯಾ, ಎಷ್ಟು ವಾರ, ಯಾರು ತಗೋತಾರೆ? ಒಂದು ಕಡೆ ಅಡ್ಮಿಷನ್ ಕೌಂಟರಿನವರು 'ಇದೆ ಇದೆ' ಅಂದರು, ಯಾವಾಗ ಅಂದರೆ ಮುಖ ಮುಖ ನೋಡಿಕೊಂಡರು. ಇನ್ನೊಂದು ಕಡೆ ಗಣಿತದ ಮೇಷ್ಟ್ರೊಬ್ಬರು ಸಿಕ್ಕರು. "ಸರ್, ಮೊದಮೊದಲು ಡೌಟ್ ಕನ್ನಡದಲ್ಲಿ ಕೇಳಬಹುದಾ?" ಅಂತ ಇವಳು ಅಂಜುತ್ತಲೇ ಕೇಳಿದಳು. ಅವರು ನಕ್ಕು, "ಕೇಳವ್ವ, ನಾನೂ ಕೆ.ಆರ್. ಪೇಟೆ ಕಡೆಯವನೇ" ಅಂದರು. ಆಮೇಲೆ ಟೈಮ್‌ಟೇಬಲ್ ತೆಗೆದು ಮೊದಲ ಮೂರು ವಾರ ಸಂಜೆ ಇರುವ ಕ್ಲಾಸು ತೋರಿಸಿದರು. ಬಾಗಿಲು ಸಿಕ್ಕಿತು ಅಂತ ಇವಳು ನೋಟ್‌ಬುಕ್ಕಿನಲ್ಲಿ ಟಿಕ್ ಹಾಕಿದಳು.

ಎಲ್ಲ ಪದಕ್ಕೂ ಬಾಗಿಲು ಸಿಗುವುದಿಲ್ಲ. 'ಉತ್ಕೃಷ್ಟತೆ'ಗೆ ಯಾರೂ ಕೋಣೆ ಕಟ್ಟಿಸಲು ಆಗಲ್ಲ, ಬಿಡಿ. ಐದಾರು ಪದಕ್ಕೆ ಸಿಕ್ಕರೆ ಸಾಕು.

ಇದೇ ಕೆಲಸಕ್ಕೆ ಇನ್ನೊಂದು ದಾರಿ ನ್ಯಾಕ್, ಅಂದರೆ ಕಾಲೇಜು, ವಿವಿಗಳ ಗುಣಮಟ್ಟ ನೋಡಿ ಗ್ರೇಡ್ ಕೊಡುವ ಸಂಸ್ಥೆ. ಬೆಂಗಳೂರಿನಲ್ಲಿರುವ ಈ ಸಂಸ್ಥೆ 1994ರಿಂದ ಇದೆ. ಅದು ಏಳು ಮಾನದಂಡ ಇಟ್ಟುಕೊಂಡು ಅಳೆಯುತ್ತಾ ಬಂದಿದೆ. ಐದನೆಯದು ವಿದ್ಯಾರ್ಥಿ ಬೆಂಬಲ, ಏಳನೆಯದು ಸಂಸ್ಥೆಯ ಮೌಲ್ಯಗಳು. ಸಂಸ್ಥೆಯೇ ಬರೆದು ಕೊಟ್ಟ ಸ್ವ-ಅಧ್ಯಯನ ವರದಿ ಅವರ ವೆಬ್‌ಸೈಟ್‌ನಲ್ಲೇ ಇರಬೇಕು. ನೂರಾರು ಪುಟ ಇರುತ್ತದೆ, ಹೆದರಬೇಡಿ, ಐದನೇ ಮಾನದಂಡಕ್ಕೆ ಹೋಗಿ ಎಷ್ಟು ಜನಕ್ಕೆ ಸ್ಕಾಲರ್‌ಶಿಪ್ ಸಿಕ್ಕಿದೆ, ಎಷ್ಟು ಜನಕ್ಕೆ ಕೆಲಸ ಸಿಕ್ಕಿದೆ ಅನ್ನುವ ಲೆಕ್ಕವನ್ನು ಬ್ರೋಶರ್‌ನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಗ್ರೇಡ್ ಯಾವ ವರ್ಷದ್ದು ಅಂತಲೂ ನೋಡಿ, ಅದು ಸಾಮಾನ್ಯವಾಗಿ ಐದು ವರ್ಷಕ್ಕೆ ಸೀಮಿತ. ಫ್ಲೆಕ್ಸ್ ಮೇಲಿನ 'ಎ ಪ್ಲಸ್' ಈ ವಿವಿಯದೋ, ಅದೇ ಟ್ರಸ್ಟಿನ ಬೇರೆ ಕಾಲೇಜಿನದೋ ಅಂತ ಕೇಳೋದಕ್ಕೆ ನಾಚಿಕೆ ಬೇಡ.

ಓಪನ್ ಡೇ ಬಿಟ್ಟು ಮಾಮೂಲಿ ಮಂಗಳವಾರ ಹೋಗಿ

ಕ್ಯಾಂಪಸ್ ನೋಡೋಕೆ ಅಂತ ಅವರೇ ಎಲ್ಲರನ್ನೂ ಕರೆಯುವ ಓಪನ್ ಡೇ ದಿನ ರಂಗೋಲಿ ಇರುತ್ತೆ, ಬಾದಾಮಿ ಹಾಲು ಇರುತ್ತೆ. ಮದುವೆ ಮನೆಗೆ ಹೋಗಿ ಆ ಮನೆಯವರ ದಿನದ ಅಡುಗೆ ಹೇಗಿದೆ ಅಂತ ಹೇಳೋಕಾಗುತ್ತಾ? ಕ್ಲಾಸು ನಡೆಯುವ ದಿನ, ಹೇಳದೆ ಕೇಳದೆ ಹೋಗಿ.

ನಾವು ಮೊದಲು ಹುಡುಕಿದ್ದು ಕೌನ್ಸೆಲರ್ ಕೋಣೆ. ಒಂದು ಕ್ಯಾಂಪಸ್ಸಿನಲ್ಲಿ ಬೋರ್ಡು ಚೆನ್ನಾಗಿತ್ತು, ಬಾಗಿಲಿಗೆ ಬೀಗ. ಕಿಟಕಿಯಿಂದ ಇಣುಕಿದರೆ ಹಳೇ ಉತ್ತರಪತ್ರಿಕೆಯ ಕಟ್ಟುಗಳು. ಅಟೆಂಡರ್ ಪಾಪ ಸತ್ಯವಂತ, "ಮೇಡಂ ಗುರುವಾರ ಬರ್ತಾರೆ, ಎಲ್ಲಾ ಗುರುವಾರ ಅಲ್ಲ" ಅಂದ. ಮನೆ ಬಿಟ್ಟು ಮೊದಲ ಸಲ ಹೊರಗಿರುವ ಮಕ್ಕಳಿಗೆ ಗುರುವಾರವೇ ಮನಸ್ಸು ಕೆಡುತ್ತಾ? ಕೌನ್ಸೆಲರ್ ಪೂರ್ಣಾವಧಿಯವರೋ, ಲೆಕ್ಚರರ್ ಒಬ್ಬರಿಗೇ ಹೆಚ್ಚುವರಿ ಹೊಣೆಯೋ ಅಂತ ಕೇಳಿ. ಏನೇ ಇರಲಿ, 14416 ನಂಬರನ್ನು ಮಗುವಿನ ಫೋನಿನಲ್ಲಿ ಸೇವ್ ಮಾಡಿಸಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಧ್ಯಾಹ್ನ ಮೆಸ್‌ನಲ್ಲಿ ಟೋಕನ್ ತಗೊಂಡು ಊಟ ಮಾಡಿ. ಅಣ್ಣ ಮುದ್ದೆ ಇದೆಯಾ ಅಂತ ಕೇಳಿದ, ಮಗಳು ಮುಖ ಮುಚ್ಚಿಕೊಂಡಳು. ವಾರಕ್ಕೆರಡು ದಿನ ಇದೆಯಂತೆ. ಹಾಸ್ಟೆಲ್‌ನಲ್ಲಿ ಕೇಳಬೇಕಾದ್ದು ಬಣ್ಣ, ಮಂಚದ ವಿಷಯಕ್ಕಿಂತ ಬೇರೆ: ಏಪ್ರಿಲ್‌ನಲ್ಲಿ ನೀರು ಹೇಗೆ, ಭಾನುವಾರ ರಾತ್ರಿ ಊಟ ಇದೆಯಾ, ರಾತ್ರಿ ಎರಡು ಗಂಟೆಗೆ ಜ್ವರ ಬಂದರೆ ಯಾವ ಗಾಡಿ, ಜೊತೆಗೆ ಯಾರು ಹೋಗುತ್ತಾರೆ. ಇದಕ್ಕೆ ವಾರ್ಡನ್ ಒಂದು ಉತ್ತರ ಕೊಡುತ್ತಾರೆ. ಗೇಟಿನಾಚೆ ಟೀ ಅಂಗಡಿಯಲ್ಲಿ ನಿಂತಿರುವ ಫೈನಲ್ ಇಯರ್ ಹುಡುಗರು ಇನ್ನೊಂದು ಕೊಡುತ್ತಾರೆ. ಎರಡನ್ನೂ ಬರೆದುಕೊಳ್ಳಿ.

ದಿನಾ ಓಡಾಡುವವರಿಗೆ ಒಂದು ಮಾತು. ಮಂಡ್ಯ, ಪಾಂಡವಪುರದಿಂದ ಮೈಸೂರಿಗೆ ರೈಲಿನ ಸೀಸನ್ ಪಾಸ್ ಅಗ್ಗ. ಬೈಕ್ ಕೊಡಿಸುವ ಯೋಚನೆ ಇದ್ದರೆ ನೆನಪಿರಲಿ, 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು.

ದುಡ್ಡಿನ ಲೆಕ್ಕ ಬಾಯಲ್ಲಿ ಬೇಡ

ಮೊದಲ ವರ್ಷದ ಫೀಸು ಕೇಳಿ ಸುಮ್ನೆ ಬರಬೇಡಿ. ಕೋರ್ಸ್ ಮುಗಿಯುವವರೆಗೆ ಒಟ್ಟು ಎಷ್ಟು ಅಂತ ಕೇಳಿ. ಪರೀಕ್ಷೆ ಫೀಸು, ಹಾಸ್ಟೆಲ್ ಡಿಪಾಸಿಟ್, ವರ್ಷ ವರ್ಷ ಏರುವ ಪ್ರಮಾಣ, 'ಇತರೆ' ಅನ್ನುವ ಸಾಲಿನೊಳಗೆ ಏನೇನಿದೆ, ಎಲ್ಲವನ್ನೂ ಬರೆಸಿಕೊಳ್ಳಿ. ಯುಜಿಸಿಯ 2023ರ ನಿಯಮದ ಪ್ರಕಾರ ಫೀಸು, ಸೀಟು, ಮರುಪಾವತಿ ವಿವರ ಇರುವ ಪ್ರಾಸ್ಪೆಕ್ಟಸ್ ಅಡ್ಮಿಷನ್ ಶುರುವಾಗುವ 60 ದಿನ ಮುಂಚೆಯೇ ಸಿಗುವಂತಿರಬೇಕು. 'ಪ್ರಾಸ್ಪೆಕ್ಟಸ್ ಇನ್ನೂ ಪ್ರಿಂಟಲ್ಲಿದೆ' ಅಂದರೆ ಈ ಮಾತು ಹೇಳಿ ನೋಡಿ.

ಸ್ಕಾಲರ್‌ಶಿಪ್ ವಿಷಯದಲ್ಲಿ ಮೂರು ಪ್ರಶ್ನೆ ಸಾಕು. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಈ ಸಂಸ್ಥೆ, ಈ ಕೋರ್ಸಿನ ಹೆಸರು ಬರುತ್ತಾ? ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಸಿಗುವ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಒಂದೇ ನಿಯಮವಾ? ವಿವಿಯವರೇ ಕೊಡುವ ರಿಯಾಯಿತಿ ಎರಡನೇ ವರ್ಷಕ್ಕೂ ಮುಂದುವರಿಯೋಕೆ ಎಷ್ಟು ಅಂಕ ಬೇಕು? ಮೊದಲ ವರ್ಷ ಅರ್ಧ ಫೀಸು ಮಾಫಿ, ಆಮೇಲೆ ಪೂರ್ತಿ ಕಟ್ಟು ಅನ್ನೋ ಲೆಕ್ಕ ಎಷ್ಟೋ ಮನೆಯನ್ನು ಸುಸ್ತು ಮಾಡಿದೆ.

ಕಂತಿನ ತಾರೀಕು ಕೇಳೋದು ಮರೆಯಬೇಡಿ. ಸಂಬಳದವರಿಗೆ ಯಾವ ತಿಂಗಳಾದರೂ ಒಂದೇ. ಕಬ್ಬು ಬೆಳೆಯುವವರಿಗೆ ದುಡ್ಡು ಬರುವುದು ಕಾರ್ಖಾನೆ ಬಿಲ್ ಮಾಡಿದಾಗ.

ಈಗ ನನ್ನ ಕತೆ. ನಾನು ಓದುವಾಗ ಒಂದು ಸಂಸ್ಥೆಗೆ ಸೇರಿ, ವಾರದೊಳಗೆ ಬೇರೆ ಕಡೆ ಇಷ್ಟದ ಸೀಟು ಸಿಕ್ಕಿತು. ಬಿಡುತ್ತೇನೆ ಅಂದರೆ ಮಾರ್ಕ್ಸ್ ಕಾರ್ಡೂ ಇಲ್ಲ, ಟಿಸಿಯೂ ಇಲ್ಲ, ಪೂರ್ತಿ ವರ್ಷದ ಫೀಸು ಕಟ್ಟು ಅಂದರು. ಎರಡು ತಿಂಗಳು ಅಲೆದೆ. ಅಷ್ಟರಲ್ಲಿ ಆ ಸೀಟು ಹೋಯಿತು. ಈಗ ಹಾಗೆ ಮಾಡುವಂತಿಲ್ಲ. 2018ರ ಯುಜಿಸಿ ಅಧಿಸೂಚನೆ ಪ್ರಕಾರ ಮೂಲ ದಾಖಲೆಗಳನ್ನು ಪರಿಶೀಲಿಸಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವ ಹಾಗಿಲ್ಲ. ಅಡ್ಮಿಷನ್‌ನ ಕೊನೇ ದಿನಕ್ಕೆ 15 ದಿನ ಅಥವಾ ಇನ್ನೂ ಮುಂಚೆ ಬಿಟ್ಟರೆ ಪೂರ್ತಿ ಫೀಸು ವಾಪಸ್, ಸಂಸ್ಕರಣಾ ವೆಚ್ಚವೆಂದು ಗರಿಷ್ಠ 5000 ರೂಪಾಯಿ ಹಿಡಿಯಬಹುದು. ಕೊನೇ ದಿನ ಹತ್ತಿರವಾದ ಹಾಗೆ ಶೇ 90, ಅದು ಕಳೆದು 15 ದಿನದೊಳಗೆ ಶೇ 80, ಆಮೇಲೆ 30 ದಿನದವರೆಗೆ ಶೇ 50, ಅದರಾಚೆ ಏನೂ ಇಲ್ಲ. ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರವಾದ ಸುತ್ತೋಲೆಯನ್ನೂ ಹೊರಡಿಸಿದೆ, ಆ ವರ್ಷದ್ದನ್ನು ನೋಡಿಕೊಳ್ಳಿ.

ದೂರು ಕೊಡುವ ದಾರಿ

ಆಗಲೇ ಹೇಳಿದೆನಲ್ಲ, ಎಲ್ಲ ಒಂದೇ ಕಾಂಪೌಂಡಿನೊಳಗೆ ಅಂತ. ಅದಕ್ಕೆ ಕಾನೂನು ಒಂದು ಕಿಂಡಿ ಇಟ್ಟಿದೆ. ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಪ್ರಾಧ್ಯಾಪಕರೊಬ್ಬರು ಅಧ್ಯಕ್ಷರು. ಕನಿಷ್ಠ ಒಬ್ಬ ಮಹಿಳೆ, ಪರಿಶಿಷ್ಟ ಅಥವಾ ಹಿಂದುಳಿದ ವರ್ಗಗಳವರು ಒಬ್ಬರು ಅದರಲ್ಲಿರಬೇಕು. ದೂರು ಬಂದ 15 ಕೆಲಸದ ದಿನದೊಳಗೆ ವರದಿ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ, ಅಂದರೆ ಮೇಲ್ಮನವಿ ಕೇಳುವ ಅಧಿಕಾರಿಗೆ, ಮೇಲ್ಮನವಿ ಹಾಕಬಹುದು. ಅವರು ನಿವೃತ್ತ ಕುಲಪತಿಯೋ, ಪ್ರಾಧ್ಯಾಪಕರೋ, ಜಿಲ್ಲಾ ನ್ಯಾಯಾಧೀಶರೋ ಆಗಿರುತ್ತಾರೆ. 30 ದಿನದೊಳಗೆ ಇತ್ಯರ್ಥಕ್ಕೆ ಪ್ರಯತ್ನಿಸಬೇಕು. ಸಮಿತಿಯ ಸದಸ್ಯರ ಹೆಸರು ವೆಬ್‌ಸೈಟ್‌ನಲ್ಲಿ ಇದೆಯಾ, ಅವರು ಇನ್ನೂ ಅಲ್ಲೇ ಕೆಲಸದಲ್ಲಿದ್ದಾರಾ ನೋಡಿ. ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಬೇರೆಯೇ ಇರಬೇಕು. ರ‍್ಯಾಗಿಂಗ್‌ಗೆ ರಾಷ್ಟ್ರೀಯ ಸಹಾಯವಾಣಿ 1800-180-5522, ಹಗಲು ರಾತ್ರಿ ಎತ್ತುತ್ತಾರೆ.

ದೂರನ್ನು ಬಾಯಲ್ಲಿ ಹೇಳಿದರೆ ಗಾಳಿಗೆ ಹೋಯಿತು ಅಂತಲೇ ಲೆಕ್ಕ. ಒಂದೇ ಹಾಳೆಯಲ್ಲಿ ಬರೆಯಿರಿ. ಏನಾಯಿತು, ಯಾವ ದಿನ, ಏನು ಬೇಕು, ಇಷ್ಟೇ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿಕೊಂಡು ಮನೆಗೆ ತನ್ನಿ. ಸೀಲು ಹಾಕಲ್ಲ ಅಂದರೆ ಅಲ್ಲೇ ನಿಂತು ಇಮೇಲ್ ಕಳಿಸಿ.

ಕೊನೇ ಪರೀಕ್ಷೆ ಒಂದು ಮಾಡಿದೆವು. ಮೂರೂ ಬ್ರೋಶರ್‌ಗಳಲ್ಲಿ 24 ಗಂಟೆ ವಿದ್ಯಾರ್ಥಿ ಸಹಾಯವಾಣಿ ಅಂತ ನಂಬರ್ ಇತ್ತು. ಶನಿವಾರ ರಾತ್ರಿ ಎಂಟೂವರೆಗೆ ಹುಡುಗಿಯೇ ಫೋನ್ ಮಾಡಿದಳು. ಒಂದು ಸ್ವಿಚ್ ಆಫ್. ಒಂದರಲ್ಲಿ ಎತ್ತಿದವರು ಅಡ್ಮಿಷನ್ ಏಜೆಂಟು, "ಸೀಟ್ ಬುಕ್ ಮಾಡ್ತೀರಾ ಮೇಡಂ?" ಅಂದ. ಮೂರನೆಯದರಲ್ಲಿ ಹೆಂಗಸೊಬ್ಬರು ಎತ್ತಿದರು. ಹಿಂದೆ ಕುಕ್ಕರ್ ಕೂಗುತ್ತಿತ್ತು. "ಹಾಸ್ಟೆಲ್ ಹುಡುಗೀನಾ? ಏನಾಯ್ತಮ್ಮ?" ಅಂದರು. ಇನ್ನೂ ಸೇರಿಲ್ಲ ಮೇಡಂ ಅಂದಿದ್ದಕ್ಕೆ ಬೈಯದೆ ಹತ್ತು ನಿಮಿಷ ಮಾತಾಡಿದರು.

ಅಲ್ಲಿಗೇ ಸೇರಿಸಿದೆವು. ಮೊದಲ ಕಂತು ಕಟ್ಟಿಯಾಗಿದೆ. ಎರಡನೆಯದನ್ನು ಕಬ್ಬಿನ ಬಿಲ್ ಬಂದ ಮೇಲೆ ಕಟ್ಟಬಹುದಾ ಅಂತ ಅಣ್ಣ ಒಂದು ಅರ್ಜಿ ಕೊಟ್ಟಿದ್ದಾನೆ. ಉತ್ತರ ಇನ್ನೂ ಬಂದಿಲ್ಲ. ಸೀಲು ಬಿದ್ದ ಪ್ರತಿ ಮನೆಯಲ್ಲಿದೆ.