ಕೊಕೇನ್ ವ್ಯಸನಿಯ ಮೆದುಳಿನ ಚಿತ್ರವನ್ನು ಓದುವುದು ಹೇಗೆ

ಜೂನ್ 26ರ ಮಾದಕ ವಸ್ತು ವಿರೋಧಿ ದಿನ ಹತ್ತಿರವಾದಂತೆ ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಉಪನ್ಯಾಸಗಳ ತಯಾರಿ ಶುರುವಾಗುತ್ತದೆ. ಅದಕ್ಕೆಂದು ಜೋಡಿಸುವ ಸ್ಲೈಡುಗಳಲ್ಲಿ ಅಕ್ಕಪಕ್ಕ ಇಟ್ಟ ಎರಡು ಮೆದುಳಿನ ಚಿತ್ರಗಳಿಗೆ ಒಂದು ಕಾಯಂ ಜಾಗವಿದೆ. ಒಂದರ ನಡುಭಾಗದಲ್ಲಿ ಕೆಂಪು, ಹಳದಿ ಹೊಳಪು ಇರುತ್ತದೆ. ‘ಕೊಕೇನ್ ವ್ಯಸನಿ’ ಎಂದು ಬರೆದಿರುವ ಇನ್ನೊಂದರಲ್ಲಿ ಅದೇ ಜಾಗ ಮಂಕಾಗಿರುತ್ತದೆ. ‘ಇವರಲ್ಲಿ ಡೋಪಮಿನ್ ಖಾಲಿಯಾಗಿದೆ’ ಎಂಬ ವಿವರಣೆ ಅದರ ಹಿಂದೆಯೇ ಬರುತ್ತದೆ. ಆದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ಈ ರಾಸಾಯನಿಕ, ಅಂದರೆ ಡೋಪಮಿನ್, ಆ ಚಿತ್ರದಲ್ಲಿ ಕಾಣುತ್ತಲೇ ಇಲ್ಲ. ಇಂಥ ಅಧ್ಯಯನಗಳನ್ನು ಓದಿ ವಿದ್ಯಾರ್ಥಿಗಳಿಗೆ ವಿವರಿಸಬೇಕಾದ ಅಧ್ಯಾಪಕರು, ಆಪ್ತಸಮಾಲೋಚಕರು ಮತ್ತು ಮನಃಶಾಸ್ತ್ರದ ವಿದ್ಯಾರ್ಥಿಗಳು ಏನನ್ನು, ಯಾವ ಕ್ರಮದಲ್ಲಿ ಗಮನಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಬಣ್ಣಗಳನ್ನು ಮರೆತು, ಯಾವ ಯಂತ್ರ ಮತ್ತು ಯಾವ ರಾಸಾಯನಿಕವನ್ನು ಬಳಸಿದ್ದಾರೆ ಎಂಬುದನ್ನು ಹುಡುಕಬೇಕು. ಫಂಕ್ಷನಲ್ ಎಂಆರ್‌ಐ ಅಳೆಯುವುದು ರಕ್ತದ ಆಮ್ಲಜನಕದಲ್ಲಾಗುವ ಬದಲಾವಣೆಯನ್ನು; ಅದರಿಂದ ಡೋಪಮಿನ್ ಬಗ್ಗೆ ನೇರವಾಗಿ ಏನನ್ನೂ ಹೇಳಲಾಗದು. ಪೆಟ್ ಸ್ಕ್ಯಾನ್‌ನಲ್ಲಿ ವಿಕಿರಣಶೀಲ ಗುರುತು ಹಚ್ಚಿದ ಅಣುವೊಂದನ್ನು ಅತ್ಯಲ್ಪ ಪ್ರಮಾಣದಲ್ಲಿ ರಕ್ತನಾಳಕ್ಕೆ ಸೇರಿಸುತ್ತಾರೆ. ಆ ಅಣು ಗ್ಲೂಕೋಸ್ ಅನ್ನು ಹೋಲುವ ಎಫ್‌ಡಿಜಿ ಆಗಿದ್ದರೆ ಅಳತೆ ಗ್ಲೂಕೋಸ್ ಬಳಕೆಯದು. ರಾಕ್ಲೋಪ್ರೈಡ್‌ನಂಥದ್ದಾಗಿದ್ದರೆ ಮಾತ್ರ ನಾವು ಡೋಪಮಿನ್‌ನ ಡಿ2, ಡಿ3 ಗ್ರಾಹಿಗಳ, ಅಂದರೆ ನರಕೋಶದ ಮೇಲೆ ಡೋಪಮಿನ್ ಬಂದು ಅಂಟುವ ಪ್ರೋಟೀನ್‌ಗಳ, ಹತ್ತಿರ ಬಂದಿದ್ದೇವೆ ಎಂದರ್ಥ.

ರಾಕ್ಲೋಪ್ರೈಡ್‌ಗೆ ಹಚ್ಚುವ ಕಾರ್ಬನ್-11ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕಿಳಿಯಲು ಬೇಕಾದ ಸಮಯ, ಸುಮಾರು 20 ನಿಮಿಷ. ಅದನ್ನು ಮೈಸೂರಿನಲ್ಲಿ ತಯಾರಿಸಿ ಮಂಡ್ಯಕ್ಕೆ ಕಳುಹಿಸಿದರೆ, ಒಂದು ಗಂಟೆಯ ಪ್ರಯಾಣ ಮುಗಿಯುವ ಹೊತ್ತಿಗೆ ಎಂಟನೆಯ ಒಂದು ಭಾಗ ಮಾತ್ರ ಉಳಿದಿರುತ್ತದೆ. ಆದ್ದರಿಂದ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಸ್ಕ್ಯಾನರ್‌ನ ಪಕ್ಕದಲ್ಲೇ ಇರಬೇಕು. ಇಂಥ ಅಧ್ಯಯನಗಳು ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಂಥ ಕೆಲವೇ ಕೇಂದ್ರಗಳಿಂದ ಬಂದಿರುವುದಕ್ಕೂ, ಒಂದೊಂದರಲ್ಲಿ ಬೆರಳೆಣಿಕೆಯ ಜನರಷ್ಟೇ ಇರುವುದಕ್ಕೂ ಈ ಖರ್ಚು ಒಂದು ಕಾರಣ.

ಇನ್ನು ಮುಖ್ಯ ವಿಷಯ. ರಾಕ್ಲೋಪ್ರೈಡ್ ಗ್ರಾಹಿಗೆ ಅಂಟಿಕೊಳ್ಳುತ್ತದೆ, ಆದರೆ ಡೋಪಮಿನ್ ಈಗಾಗಲೇ ಹಿಡಿದುಕೊಂಡಿರುವ ಗ್ರಾಹಿಗೆ ಅಂಟಲಾರದು. ಮೈಸೂರು ನಿಲ್ದಾಣದಲ್ಲಿ ನಿಂತಿರುವ ಬಸ್ಸಿನಲ್ಲಿ ಖಾಲಿ ಸೀಟುಗಳನ್ನು ಮಾತ್ರ ಎಣಿಸಿಕೊಂಡು ಬರಲು ಯಾರನ್ನಾದರೂ ಕಳುಹಿಸಿದೆವು ಎನ್ನೋಣ. ಎಣಿಕೆ ಕಡಿಮೆ ಬಂದರೆ ಬಸ್ಸಿನಲ್ಲಿ ಸೀಟುಗಳೇ ಕಡಿಮೆ ಇರಬಹುದು, ಇಲ್ಲವೇ ಹೆಚ್ಚು ಜನ ಕುಳಿತಿರಬಹುದು. ಮಂಕಾದ ಚಿತ್ರಕ್ಕೂ ಇದೇ ಎರಡು ಅರ್ಥಗಳಿವೆ: ಗ್ರಾಹಿಗಳು ಕಡಿಮೆಯಾಗಿವೆ, ಅಥವಾ ಆ ಗಳಿಗೆಯಲ್ಲಿ ಡೋಪಮಿನ್ ಹೆಚ್ಚಾಗಿದೆ. ಈ ಎರಡನೆಯ ಅರ್ಥ ‘ಖಾಲಿಯಾಗಿದೆ’ ಎಂಬ ಮಾತಿಗೆ ತೀರ ವಿರುದ್ಧವಾದದ್ದು. ಎರಡರಲ್ಲಿ ಯಾವುದು ಸರಿ ಎಂದು ತಿಳಿಯಲು, ಅದೇ ವ್ಯಕ್ತಿಯನ್ನು ಒಮ್ಮೆ ಮಾತ್ರ ಸ್ಕ್ಯಾನ್ ಮಾಡಿದ್ದಾರೆಯೇ ಅಥವಾ ಎರಡು ಭಿನ್ನ ಸ್ಥಿತಿಗಳಲ್ಲಿ ಮಾಡಿ ಹೋಲಿಸಿದ್ದಾರೆಯೇ ಎಂಬುದನ್ನು ವಿಧಾನದ ಭಾಗದಲ್ಲಿ ಹುಡುಕಬೇಕು.

ಹೀಗೆ ಎರಡು ಸ್ಥಿತಿಗಳನ್ನು ಹೋಲಿಸದ ಅಳತೆಗೆ ಉದಾಹರಣೆ ಅಮೆರಿಕದ ವ್ಯಸನ ಸಂಶೋಧಕಿ ನೋರಾ ವೋಲ್ಕೋವ್ ಅವರ ತಂಡದ 1990ರ ದಶಕದ ಆರಂಭದ ಕೆಲಸ. ಕೊಕೇನ್ ವ್ಯಸನಿಗಳ ಮೆದುಳಿನ ಒಳಭಾಗದಲ್ಲಿರುವ ಸ್ಟ್ರಯೇಟಮ್‌ನಲ್ಲಿ ಡಿ2 ಗ್ರಾಹಿಗಳ ಲಭ್ಯತೆ ಕಡಿಮೆ ಇದೆಯೆಂದೂ, ಅದು ಕಡಿಮೆಯಾದಷ್ಟೂ ಹಣೆಯ ಹಿಂದಿನ ಕೆಲವು ಭಾಗಗಳ ಚಯಾಪಚಯವೂ ತಗ್ಗಿರುತ್ತದೆಯೆಂದೂ ಅವರು 1993ರಲ್ಲಿ ತೋರಿಸಿದರು. ಸಂಶೋಧಕರು ಬಳಸುವ ‘ಲಭ್ಯತೆ’ ಎಂಬ ಪದವನ್ನು ನಾವೂ ಹಾಗೆಯೇ ಉಳಿಸಿಕೊಳ್ಳುವುದು ಒಳ್ಳೆಯದು. ಅದನ್ನು ‘ಸಂಖ್ಯೆ’ ಎಂದು ಬದಲಿಸಿದ ಕೂಡಲೇ ಅಧ್ಯಯನ ಹೇಳದ ಮಾತನ್ನು ನಾವು ಹೇಳಿದಂತಾಗುತ್ತದೆ.

ಎರಡು ಸ್ಥಿತಿಗಳನ್ನು ಹೋಲಿಸುವ ಅಧ್ಯಯನಗಳೇ ಹೆಚ್ಚು ಸ್ವಾರಸ್ಯಕರ. 1997ರಲ್ಲಿ ಅದೇ ತಂಡ, ಕೊಕೇನ್ ನಿಲ್ಲಿಸಿದ್ದ ವ್ಯಸನಿಗಳಿಗೂ ಆರೋಗ್ಯವಂತರಿಗೂ ಮಿಥೈಲ್‌ಫೆನಿಡೇಟ್ ಎಂಬ ಉತ್ತೇಜಕ ಔಷಧ ಕೊಟ್ಟು ಸ್ಕ್ಯಾನ್ ಮಾಡಿತು. ಕೊಕೇನ್‌ನಂತೆ ಈ ಔಷಧವೂ ಡೋಪಮಿನ್ ಅನ್ನು ಮರಳಿ ಒಳಗೆಳೆದುಕೊಳ್ಳುವ ಸಾಗಣೆ ಪ್ರೋಟೀನನ್ನು ತಡೆಯುತ್ತದೆ. ವ್ಯಸನಿಗಳಲ್ಲಿ ಡೋಪಮಿನ್ ಉಕ್ಕಿ ಹರಿಯಬಹುದು ಎಂಬ ನಿರೀಕ್ಷೆಗೆ ವಿರುದ್ಧವಾಗಿ, ಸ್ಟ್ರಯೇಟಮ್‌ನಲ್ಲಿ ಅದರ ಏರಿಕೆ ಅವರಲ್ಲೇ ಕಡಿಮೆಯಿತ್ತು. ಅವರು ವರದಿ ಮಾಡಿದ ಅಮಲಿನ ಅನುಭವವೂ ಮಂದವಾಗಿತ್ತು.

ಇದನ್ನು ಓದಿ ‘ಸರಿ, ಅವರ ಡೋಪಮಿನ್ ವ್ಯವಸ್ಥೆ ಸೊರಗಿದೆ’ ಎಂದು ಅಲ್ಲಿಗೇ ನಿಲ್ಲಿಸಬಾರದು. ಅದೇ ತಂಡದ 2006ರ ಅಧ್ಯಯನವನ್ನು ಜೊತೆಗಿಟ್ಟು ಓದಬೇಕು. ಅದರಲ್ಲಿ 18 ಮಂದಿ ಕೊಕೇನ್ ವ್ಯಸನಿಗಳಿದ್ದರು. ಪ್ರತಿಯೊಬ್ಬರಿಗೂ ಒಂದು ಸ್ಕ್ಯಾನ್‌ನ ವೇಳೆ ನಿಸರ್ಗದೃಶ್ಯಗಳ ವಿಡಿಯೊ, ಇನ್ನೊಂದರ ವೇಳೆ ಜನರು ಕೊಕೇನ್ ಸೇದುತ್ತಿರುವ ವಿಡಿಯೊ ತೋರಿಸಲಾಯಿತು. ಯಾರಿಗೂ ಉತ್ತೇಜಕ ಔಷಧ ಕೊಡಲಿಲ್ಲ. ಎರಡನೆಯ ವಿಡಿಯೊ ನೋಡುವಾಗ ಸ್ಟ್ರಯೇಟಮ್‌ನ ಮೇಲ್ಭಾಗದಲ್ಲಿ, ಅಂದರೆ ಕಾಡೇಟ್ ಮತ್ತು ಪುಟಾಮೆನ್‌ಗಳಲ್ಲಿ, ರಾಕ್ಲೋಪ್ರೈಡ್ ಅಂಟುವುದು ಕಡಿಮೆಯಾಯಿತು. ಎಂದರೆ ಅಲ್ಲಿ ಡೋಪಮಿನ್ ಏರಿತು. ಸುಖದ ಕೇಂದ್ರವೆಂದು ನಾವು ಪಾಠ ಮಾಡುವ ಕೆಳಭಾಗದಲ್ಲಿ ಅಂಥ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಏರಿಕೆ ಹೆಚ್ಚಾದವರು ಹೇಳಿಕೊಂಡ ತೀವ್ರ ಬಯಕೆಯೂ ಹೆಚ್ಚಾಗಿತ್ತು. ಮೇಲ್ಭಾಗ ರೂಢಿಗೆ ಬಿದ್ದ ವರ್ತನೆಗಳಿಗೆ ಸಂಬಂಧಿಸಿದ್ದು ಎಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ಔಷಧಕ್ಕೆ ಮಂದವಾಗಿ ಸ್ಪಂದಿಸುವ ವ್ಯವಸ್ಥೆಯೇ ಬರೀ ದೃಶ್ಯಕ್ಕೆ ಎಚ್ಚೆತ್ತುಕೊಳ್ಳುತ್ತದೆ ಎಂಬುದನ್ನು ಯಾವ ಜೋಡಿ ಚಿತ್ರವೂ ಹೇಳಲಾರದು. ಉಪನ್ಯಾಸದಲ್ಲಿ ಒಂದೇ ಅಧ್ಯಯನಕ್ಕೆ ಸಮಯವಿದ್ದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ಅಂದಹಾಗೆ, ಜಾಗೃತಿಯ ಹೆಸರಿನಲ್ಲಿ ಸಿರಿಂಜು, ಬಿಳಿ ಪುಡಿಯ ಚಿತ್ರಗಳನ್ನು ತೆರೆಯ ಮೇಲೆ ತುಂಬುವವರೂ ಇದನ್ನು ಓದುವುದು ಒಳಿತು. ಚಟ ಬಿಡುತ್ತಿರುವವರು ಸಭಿಕರ ನಡುವೆಯೂ ಇರಬಹುದು.

ಗ್ರಾಹಿಗಳ ಕೊರತೆಯಿಂದ ವ್ಯಸನ ಬಂತೇ, ವ್ಯಸನದಿಂದ ಕೊರತೆ ಬಂತೇ? ಈಗಾಗಲೇ ವ್ಯಸನಿಗಳಾದವರ ಸ್ಕ್ಯಾನ್ ಇದಕ್ಕೆ ಉತ್ತರ ಕೊಡಲಾರದು, ಏಕೆಂದರೆ ಅವರು ಕೊಕೇನ್ ಮುಟ್ಟುವ ಮೊದಲಿನ ಚಿತ್ರ ಯಾರ ಬಳಿಯೂ ಇಲ್ಲ. ಆ ಚಿತ್ರ ಸಿಕ್ಕಿರುವುದು ಕೋತಿಗಳಲ್ಲಿ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ನಡೆದ, 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂಟಿಯಾಗಿದ್ದ ಕೋತಿಗಳನ್ನು ಗುಂಪಿನಲ್ಲಿ ಬಿಟ್ಟ ಮೇಲೆ ಮೇಲುಗೈ ಸಾಧಿಸಿದವುಗಳಲ್ಲಿ ಡಿ2 ಲಭ್ಯತೆ ಏರಿತು ಮತ್ತು ಅವು ಕೊಕೇನ್‌ಗೆ ಅಷ್ಟಾಗಿ ಒಲಿಯಲಿಲ್ಲ. ಕೋತಿಗಳ ಮೇಲೆಯೇ ನಡೆದ 2006ರ ಇನ್ನೊಂದು ಅಧ್ಯಯನದಲ್ಲಿ, ಕೊಕೇನ್ ತೆಗೆದುಕೊಳ್ಳತೊಡಗಿದ ಒಂದೇ ವಾರದಲ್ಲಿ ಲಭ್ಯತೆ ಶೇ 15ರಿಂದ 20ರಷ್ಟು ಇಳಿಯಿತು. ನಿಲ್ಲಿಸಿದ ಮೇಲೂ ಕೆಲವು ಕೋತಿಗಳಲ್ಲಿ ಒಂದು ವರ್ಷದವರೆಗೆ ಆ ಇಳಿಕೆ ಉಳಿಯಿತು. ಆದ್ದರಿಂದ ಎರಡೂ ದಿಕ್ಕುಗಳಿಗೆ ಪುರಾವೆ ಇದೆ ಎಂದು ಹೇಳಿ, ಅದು ಕೋತಿಗಳಿಂದ ಬಂದದ್ದೆಂದೂ ಸೇರಿಸಬೇಕು.

ಬಳಿಕ ಭಾಗವಹಿಸಿದವರ ಕೋಷ್ಟಕವನ್ನು ನೋಡಬೇಕು. ವಯಸ್ಸಾದಂತೆ ಡಿ2 ಗ್ರಾಹಿಗಳು ಎಲ್ಲರಲ್ಲೂ ಕಡಿಮೆಯಾಗುವುದರಿಂದ ಎರಡು ಗುಂಪುಗಳ ವಯಸ್ಸು ಹೊಂದಿಕೆಯಾಗಿರಬೇಕು. ತಂಬಾಕು, ಮದ್ಯದ ಬಳಕೆ ಮತ್ತು ಕೊಕೇನ್ ನಿಲ್ಲಿಸಿ ಎಷ್ಟು ದಿನವಾಗಿತ್ತು ಎಂಬುದೂ ಅಲ್ಲಿರಬೇಕು. ಮದ್ಯವ್ಯಸನಿಗಳಲ್ಲೂ ಡಿ2 ಲಭ್ಯತೆ ಕಡಿಮೆ ಇರುವುದು ವರದಿಯಾಗಿದೆ. ಹುಣಸೂರಿನ ತಂಬಾಕು, ಊರೂರಿನ ಮದ್ಯದಂಗಡಿಗಳನ್ನು ಬಲ್ಲ ನಮ್ಮ ಸಭಿಕರಿಗೆ ಕೊಕೇನ್‌ಗಿಂತ ಈ ಸಂಗತಿಯೇ ಹತ್ತಿರದ್ದು. ಬಣ್ಣದ ಪಟ್ಟಿಯ ಅಳತೆಯನ್ನೂ ಗಮನಿಸಿ: ಕೆಂಪು ಬಣ್ಣ ತಂತ್ರಾಂಶದ ಆಯ್ಕೆ, ಪಟ್ಟಿಯ ಮಿತಿಗಳನ್ನು ಕುಗ್ಗಿಸಿದರೆ ಸಣ್ಣ ವ್ಯತ್ಯಾಸವೂ ಕಣ್ಣಿಗೆ ಭಾರಿಯಾಗಿ ಕಾಣುತ್ತದೆ.

ಗುಂಪಿನ ಸರಾಸರಿ ಒಬ್ಬ ವ್ಯಕ್ತಿಯ ರೋಗನಿರ್ಣಯವಾಗದು. ಎರಡು ಗುಂಪುಗಳ ಅಂಕಿಗಳು ಒಂದರ ಮೇಲೊಂದು ಹರಡಿಕೊಂಡಿರುತ್ತವೆ. ಆರೋಗ್ಯವಂತನೊಬ್ಬನ ಲಭ್ಯತೆ ವ್ಯಸನಿಯೊಬ್ಬನದಕ್ಕಿಂತ ಕಡಿಮೆ ಇರಬಹುದು. ಉಪನ್ಯಾಸ ಮುಗಿದ ಮೇಲೆ ಪೋಷಕರೊಬ್ಬರು ‘ಮಗನಿಗೆ ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆಯೇ’ ಎಂದು ಕೇಳಿದರೆ, ಇಲ್ಲ ಎಂದೇ ಹೇಳಬೇಕು. ಆಸ್ಪತ್ರೆಗಳ ಪೆಟ್-ಸಿಟಿ ಯಂತ್ರಗಳು ಹೆಚ್ಚಾಗಿ ಎಫ್‌ಡಿಜಿ ಬಳಸಿ ಕ್ಯಾನ್ಸರ್ ಹುಡುಕುವುದಕ್ಕಿವೆ. ಮೂತ್ರ ಪರೀಕ್ಷೆಯಿಂದ ಇತ್ತೀಚಿನ ಕೆಲವು ದಿನಗಳ ಬಳಕೆ ತಿಳಿದೀತು. ವ್ಯಸನ ಹೌದೋ ಅಲ್ಲವೋ ಎಂಬುದನ್ನು ಮನೋವೈದ್ಯರು ವ್ಯಕ್ತಿಯೊಂದಿಗೆ ಮಾತನಾಡಿ, ಅವನ ಚರಿತ್ರೆ ಕೇಳಿ ನಿರ್ಧರಿಸುತ್ತಾರೆ. ಕೊನೆಯ ಸ್ಲೈಡಿನಲ್ಲಿ ವ್ಯಸನಮುಕ್ತಿಗಾಗಿ ಇರುವ ರಾಷ್ಟ್ರೀಯ ಉಚಿತ ಸಹಾಯವಾಣಿ 14446 ಅನ್ನು ದೊಡ್ಡ ಅಕ್ಷರದಲ್ಲಿ ಬರೆದು, ಜನರು ಬರೆದುಕೊಳ್ಳುವವರೆಗೂ ತೆರೆಯ ಮೇಲೆ ಬಿಡಿ.